ಕಂಡಮ್ ಆದ ಮೀಟರುಗಳ ಪೇಟೆ

ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಕಬ್ಬಿಣದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿಯ ಮೇಲೆ ಸಾಗಿ, 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯನ್ನು ಸೇರುತ್ತಿದ್ದ ಸಂಗತಿ ಹಳೆಯ ಮೈಸೂರಿನ ಕೈಗಾರಿಕಾ ಇತಿಹಾಸದಲ್ಲಿ ಚೆನ್ನಾಗಿ ದಾಖಲಾಗಿದೆ. ರೈಲಿನಲ್ಲಿ ಅದೇ ಸೀಮೆಯ ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಕೈಚೀಲಗಳಲ್ಲಿ ಬಂದಿಳಿಯುತ್ತಿದ್ದ ಇನ್ನೊಂದು ಸರಕು ಮಾತ್ರ ಗೆಜೆಟಿಯರುಗಳ ಗಮನಕ್ಕೆ ಬೀಳುವಂಥದ್ದಾಗಿರಲಿಲ್ಲ. ಯಾವುದೋ ಕಾರ್ಖಾನೆ ಬಳಸಿ ಬಿಟ್ಟ ಮಲ್ಟಿಮೀಟರು, ಹಳೆಯ ಬೋರ್ಡಿನಿಂದ ಬಿಚ್ಚಿದ ಟ್ರಾನ್ಸಿಸ್ಟರು, ತೂಕಕ್ಕೆ ಕೊಂಡ ರಿಲೇ, ಟ್ರಾನ್ಸ್‌ಫಾರ್ಮರುಗಳೇ ಆ ಸರಕು. ಸಣ್ಣ ಪೇಟೆಗಳ ರೇಡಿಯೊ ಮೆಕ್ಯಾನಿಕ್ಕುಗಳೂ ಕುತೂಹಲಕ್ಕಾಗಿ ಸರ್ಕ್ಯೂಟು ಕಟ್ಟುತ್ತಿದ್ದ ಹವ್ಯಾಸಿಗಳೂ ಬದುಕಿದ್ದು ಇದರ ಮೇಲೆ. ಇದು ಬರುತ್ತಿದ್ದದ್ದು ಬಹುಪಾಲು ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಿಂದ, ಅಂದರೆ ಜನರ ಬಾಯಲ್ಲಿ ಎಸ್.ಪಿ. ರಸ್ತೆಯಾಗಿರುವ, ಪುರಭವನಕ್ಕೂ ನಗರ್ತಪೇಟೆಗೂ ಸಮೀಪದ ಆ ಇಕ್ಕಟ್ಟಾದ ಬೀದಿಯಿಂದ.

ಎಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆ ಬೇಕಾಗುವ ಅಳತೆಯ ಉಪಕರಣಗಳು ಮುಖ್ಯವಾಗಿ ಮೂರು. ವೋಲ್ಟೇಜು, ಕರೆಂಟು, ರೋಧ ಮೂರನ್ನೂ ಒಂದೇ ಮುಳ್ಳಿನಿಂದ ತೋರಿಸುವ ಮಲ್ಟಿಮೀಟರು ಮೊದಲನೆಯದು. ಪರೀಕ್ಷೆಗೆ ಬೇಕಾದ ಆವರ್ತನದ ಅಲೆಯನ್ನು ಹುಟ್ಟಿಸಿಕೊಡುವ ಸಿಗ್ನಲ್ ಜನರೇಟರು ಎರಡನೆಯದು. ಆ ಅಲೆ ಸರ್ಕ್ಯೂಟಿನೊಳಗೆ ಹಾದುಹೋಗುವಾಗ ಯಾವ ಆಕಾರ ತಾಳುತ್ತದೆಂಬುದನ್ನು ಪರದೆಯ ಮೇಲೆ ಬರೆದು ತೋರಿಸುವ ಆಸಿಲೋಸ್ಕೋಪು ಮೂರನೆಯದು. ಅಳೆಯುವ ವಸ್ತು ಅಳೆಸಿಕೊಳ್ಳುವ ವಸ್ತುವಿಗಿಂತ ನಿಖರವಾಗಿರಬೇಕಾದ್ದರಿಂದ ಇಂಥ ಉಪಕರಣಗಳ ಬೆಲೆ ಸಾಮಾನ್ಯವಾಗಿ ರೇಡಿಯೊದ ಬೆಲೆಗಿಂತ ಹೆಚ್ಚಾಗಿಯೇ ಇತ್ತು. ಆಮದಿಗೆ ಲೈಸೆನ್ಸು ಬೇಕಾಗಿದ್ದ ದಶಕಗಳಲ್ಲಂತೂ ಅಮೆರಿಕದ ಟೆಕ್ಟ್ರಾನಿಕ್ಸ್ ಅಥವಾ ಹ್ಯೂಲೆಟ್ ಪ್ಯಾಕಾರ್ಡ್ ಕಂಪನಿಗಳ ಹೊಸ ಉಪಕರಣ ಸರ್ಕಾರಿ ಪ್ರಯೋಗಾಲಯಕ್ಕೂ ದೊಡ್ಡ ಕಾರ್ಖಾನೆಗೂ ಮಾತ್ರ ಎಟುಕುತ್ತಿತ್ತು. ಥಾಣೆಯ ಆಪ್‌ಲ್ಯಾಬ್, ಇಂದೋರಿನ ಸೈಂಟಿಫಿಕ್, ನಾಸಿಕದ ಮೊಟ್ವಾನೆಯಂಥ ದೇಶೀಯ ತಯಾರಕರು ಬಂದ ಮೇಲೆ ಕಾಲೇಜುಗಳ ಕೊರತೆ ನೀಗಿತು. ಹವ್ಯಾಸಿಯ ಕೊರತೆ ನೀಗಲಿಲ್ಲ.

ಈ ನಾಡಿನಲ್ಲಿ ಹವ್ಯಾಸಕ್ಕೂ ಸಂಸ್ಥೆಗೂ ನಡುವಿನ ಗೆರೆ ಮೊದಲಿನಿಂದಲೂ ತೆಳುವಾಗಿತ್ತು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದ 30 ವ್ಯಾಟಿನ ಪ್ರೇಷಕವೊಂದರ ಮೂಲಕ ಪ್ರಸಾರ ಆರಂಭಿಸಿದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ 1933ರ ಭಾರತೀಯ ನಿಸ್ತಂತು ಕಾಯ್ದೆಯ ಪ್ರಕಾರ ನಿಸ್ತಂತು ಯಂತ್ರವನ್ನು ಬಳಸುವುದಿರಲಿ, ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. 1980ರ ದಶಕದ ನಡುವಿನವರೆಗೂ ಸಾಮಾನ್ಯ ರೇಡಿಯೊ ಇಟ್ಟುಕೊಂಡವರೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು. ಹೀಗಾಗಿ ಹಳೆಯ ಪ್ರೇಷಕಗಳ ವ್ಯಾಪಾರ ಎಂದೂ ಪೂರ್ತಿ ಬಹಿರಂಗವಾಗಿ ನಡೆಯುವಂತಿರಲಿಲ್ಲ. ಮೀಟರು, ಆಸಿಲೋಸ್ಕೋಪುಗಳು ಪ್ರಸಾರವನ್ನು ಮಾಡುವುದೂ ಇಲ್ಲ, ಹಿಡಿಯುವುದೂ ಇಲ್ಲವಾದ ಕಾರಣ ಈ ಕಟ್ಟಳೆಯ ಹೊರಗೆ ಉಳಿದವು, ಮತ್ತು ಪೇಟೆ ಬೆಳೆದದ್ದು ಆ ಸಂದಿನಲ್ಲಿ.

ಎರಡನೆಯ ಮಹಾಯುದ್ಧ ಮುಗಿದಾಗ ಜಗತ್ತಿನ ಅನೇಕ ನಗರಗಳಲ್ಲಿ ಸೈನ್ಯದ ಹೆಚ್ಚುವರಿ ಸಾಮಾನು ರಾಶಿಯಾಗಿ ಬೀದಿಗೆ ಬಂತು. ನ್ಯೂಯಾರ್ಕಿನ ಕೋರ್ಟ್‌ಲ್ಯಾಂಡ್ ಬೀದಿಯ ರೇಡಿಯೊ ರೋ ಎಂಬ ಅಂಗಡಿಸಾಲು ಅದರಿಂದ ಕಳೆಯೇರಿ, 1966ರಲ್ಲಿ ವಿಶ್ವ ವ್ಯಾಪಾರ ಕೇಂದ್ರಕ್ಕಾಗಿ ನೆಲಸಮವಾಯಿತು. ಟೋಕಿಯೊದ ಅಕಿಹಬಾರಾದಲ್ಲಿ ರೇಡಿಯೊ ಬಿಡಿಭಾಗ ಮಾರುತ್ತಿದ್ದ ಬೀದಿ ವ್ಯಾಪಾರಿಗಳು ರೈಲು ಸೇತುವೆಯ ಕೆಳಗಿನ ಕಿರುಮಳಿಗೆಗಳಿಗೆ ಸರಿದು ಒಂದು ಇಡೀ ಬಡಾವಣೆಯನ್ನೇ ಕಟ್ಟಿದರು. ಭಾರತದಲ್ಲೂ ಯುದ್ಧವಿಮಾನಗಳಿಂದ ಇಳಿಸಿದ ಅಮೆರಿಕದ ಬಿಸಿ-348, ಬ್ರಿಟನ್ನಿನ ಆರ್-1155 ಗ್ರಾಹಕಗಳು ‘ಡಿಸ್ಪೋಸಲ್’ ಮಾಲೆಂಬ ಹೆಸರಿನಲ್ಲಿ ಹ್ಯಾಮ್‌ಗಳ, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ನಿರ್ವಾಹಕರ, ಮೇಜುಗಳನ್ನು ಸೇರಿದವು. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಮಿತ್ರಪಡೆಗಳ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಡಿಪೊ ಆಗಿದ್ದುದರಿಂದ ಬೆಂಗಳೂರಿಗೆ ಇಂಥ ಸಾಮಾನು ಅಪರಿಚಿತವಾಗಿರಲಿಲ್ಲ.

ಆದರೆ ಯುದ್ಧದ ಮಾಲು ಒಂದು ಸಲ ಖಾಲಿಯಾದರೆ ಮುಗಿಯಿತು. ಬೆಂಗಳೂರಿನ ಪೇಟೆಯನ್ನು ದಶಕಗಳ ಕಾಲ ಸಾಕಿದ್ದು ಬೇರೆಯೇ ಮೂಲ. 1948ರಲ್ಲಿ ದೂರವಾಣಿನಗರದಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದೊಂದಿಗೆ ಭಾರತ್ ಎಲೆಕ್ಟ್ರಾನಿಕ್ಸ್, 1958ರಲ್ಲಿ ರೇಡಾರ್ ಸಂಶೋಧನೆಯ ಎಲ್‌ಆರ್‌ಡಿಇ ಸ್ಥಾಪನೆಯಾದವು. ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿತು. ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೊ ಕವಾಟಗಳನ್ನೂ 1962ರಿಂದ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಇಂಥ ಸಂಸ್ಥೆಗಳು ಒಂದೇ ನಗರದಲ್ಲಿ ನೆರೆದುದರ ಪರಿಣಾಮವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಉದ್ಯೋಗ, ಬಡಾವಣೆ, ಮುಂದೆ ಬಂದ ಸಾಫ್ಟ್‌ವೇರುಗಳ ಬಗ್ಗೆ ಹೇಳುತ್ತಾರೆ. ಅವುಗಳ ಹಿಂಬಾಗಿಲಿನಿಂದ ಹೊರಬಿದ್ದ ಕಸವೂ ಒಂದು ಸಂಪತ್ತಾಗಿತ್ತೆಂಬುದನ್ನು ಹೇಳುವವರು ಕಡಿಮೆ.

ಸರ್ಕಾರಿ ಸಂಸ್ಥೆಯೊಂದರಲ್ಲಿ ಉಪಕರಣವೊಂದು ಹಳತಾದರೆ ಅದನ್ನು ಯಾರೂ ಸುಮ್ಮನೆ ಎಸೆಯುವಂತಿಲ್ಲ. ಸಮಿತಿಯೊಂದು ಪರಿಶೀಲಿಸಿ ಅದು ಉಪಯೋಗಕ್ಕೆ ಬಾರದೆಂದು ಬರೆದುಕೊಡಬೇಕು. ಕಚೇರಿಯ ಭಾಷೆಯಲ್ಲಿ ಇದೇ ‘ಕಂಡಮ್’ ಮಾಡುವುದು. ಕಂಡಮ್ ಆದ ವಸ್ತು ಉಗ್ರಾಣದ ಮೂಲೆಯಲ್ಲಿ ವರ್ಷಗಟ್ಟಲೆ ಕೂತು, ಸಾಕಷ್ಟು ಸಾಮಾನು ಸೇರಿದ ಮೇಲೆ ಟೆಂಡರು ಅಥವಾ ಹರಾಜಿಗೆ ಬರುತ್ತದೆ. 1964ರಲ್ಲಿ ಸ್ಥಾಪನೆಯಾದ ಲೋಹದ ಗುಜರಿ ವ್ಯಾಪಾರ ನಿಗಮ, ಈಗಿನ ಎಂಎಸ್‌ಟಿಸಿ, ಕ್ರಮೇಣ ಇಂಥ ಹರಾಜುಗಳ ಮುಖ್ಯ ಮಧ್ಯವರ್ತಿಯಾಯಿತು. ಹರಾಜಿನ ಘಟಕಕ್ಕೆ ‘ಲಾಟು’ ಎಂದು ಹೆಸರು. ಮುರಿದ ಕುರ್ಚಿ, ಸುಟ್ಟ ಫ್ಯಾನು, ತುಂಡು ಕೇಬಲ್ಲು, ಅವುಗಳ ನಡುವೆ ಎರಡು ಆಸಿಲೋಸ್ಕೋಪು, ಎಲ್ಲ ಸೇರಿ ಒಂದು ಲಾಟು. ಲಾಟು ಹಿಡಿಯುವ ಗುಜರಿ ವ್ಯಾಪಾರಿ ಅದರಲ್ಲಿ ಎಷ್ಟು ತಾಮ್ರ, ಎಷ್ಟು ಅಲ್ಯುಮಿನಿಯಂ, ಎಷ್ಟು ಕಬ್ಬಿಣ ಇದೆಯೆಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿ ಬೆಲೆ ಕೂಗುತ್ತಿದ್ದನೇ ಹೊರತು ಅದರ ಮುಳ್ಳು ಇನ್ನೂ ನಿಖರವಾಗಿ ಆಡುತ್ತದೆಯೇ ಎಂದಲ್ಲ.

ಹವ್ಯಾಸಿಗೆ ಸಿಕ್ಕ ಅಗ್ಗದ ಮರ್ಮ ಇಲ್ಲಿದೆ. ಸಾವಿರಾರು ಡಾಲರು ತೆತ್ತು ತರಿಸಿದ ಉಪಕರಣದ ಬೆಲೆ ಹರಾಜಿನ ಗೇಟು ದಾಟುವಾಗ ಅದರೊಳಗಿನ ಲೋಹದ ಬೆಲೆಗೆ ಇಳಿದಿರುತ್ತಿತ್ತು. ಗುಜರಿಯವನು ಅದಕ್ಕೆ ಒಂದಿಷ್ಟು ಲಾಭ ಸೇರಿಸಿ ಎಸ್.ಪಿ. ರಸ್ತೆಗೆ ಮಾರಿದರೂ ಕೊಳ್ಳುವವನಿಗೆ ಅದು ಹೊಸದರ ಬೆಲೆಯ ಅಲ್ಪಭಾಗವಷ್ಟೇ ಆಗಿರುತ್ತಿತ್ತು. ಇದರಲ್ಲಿ ಯಾರ ಔದಾರ್ಯವೂ ಇರಲಿಲ್ಲ. ಹವ್ಯಾಸಿ ವಾಸ್ತವದಲ್ಲಿ ಸ್ಪರ್ಧಿಸುತ್ತಿದ್ದದ್ದು ಇನ್ನೊಬ್ಬ ಹವ್ಯಾಸಿಯೊಡನೆ ಅಲ್ಲ, ಲೋಹ ಕರಗಿಸುವವನೊಡನೆ. ಚಿನ್ನದ ಲೇಪವಿರುವ ಕನೆಕ್ಟರುಗಳನ್ನು ಹೊಂದಿದ ಸೈನ್ಯದ ದರ್ಜೆಯ ಬೋರ್ಡುಗಳು ಇಡಿಯಾಗಿ ಪೇಟೆಗೆ ಬರುವುದು ಈ ಕಾರಣಕ್ಕೇ ಅಪರೂಪ: ಅವು ಕೆಲಸ ಮಾಡುವ ಸ್ಥಿತಿಯಲ್ಲಿರುವುದಕ್ಕಿಂತ ಕರಗಿದಾಗಲೇ ಹೆಚ್ಚು ಬೆಲೆ ತರುತ್ತವೆ. ಟೆಲಿಫೋನ್ ವಿನಿಮಯ ಕೇಂದ್ರಗಳ ಸ್ಟ್ರೌಜರ್ ವ್ಯವಸ್ಥೆ, ಅಂದರೆ ಚಂದಾದಾರ ಗುಂಡಿ ತಿರುಗಿಸಿದ ಅಂಕಿಗೆ ತಕ್ಕಂತೆ ಲೋಹದ ತೋಳುಗಳು ಹೆಜ್ಜೆಹೆಜ್ಜೆಯಾಗಿ ಏರಿ ಸಂಪರ್ಕ ಕೊಡುವ ಯಂತ್ರ, ಎಲೆಕ್ಟ್ರಾನಿಕ್ ಕೇಂದ್ರಗಳಿಗೆ ಜಾಗ ಬಿಟ್ಟುಕೊಟ್ಟಾಗಲೂ ಇದೇ ಆಯಿತು. ಗುಜರಿಗೆ ಬಿದ್ದ ಅದರ ರಿಲೇಗಳಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳ ಸ್ವಯಂಚಾಲಿತ ಸ್ವಿಚ್ಚುಗಳಾದವು. ಮಿಕ್ಕವು ತಂತಿಯ ತಾಮ್ರಕ್ಕೂ ಸಂಪರ್ಕಬಿಂದುಗಳ ಬೆಳ್ಳಿಗೂ ಬಲಿಯಾದವು.

ಗುಜರಿಗೂ ಎಸ್.ಪಿ. ರಸ್ತೆಗೂ ಇದ್ದ ವ್ಯತ್ಯಾಸ ವಿಂಗಡಣೆಯದು. ಗುಜರಿ ತೂಕಕ್ಕೆ ಮಾರಿದರೆ ಎಸ್.ಪಿ. ರಸ್ತೆ ಬಿಡಿಯಾಗಿ ಮಾರಿತು: ರೋಧಕಗಳನ್ನು ಬಣ್ಣದ ಪಟ್ಟೆಯ ಪ್ರಕಾರ, ಟ್ರಾನ್ಸಿಸ್ಟರುಗಳನ್ನು ಅಂಕಿಯ ಪ್ರಕಾರ ಡಬ್ಬಿಗಳಲ್ಲಿ ಬೇರೆಮಾಡಿಟ್ಟು, ಎಸ್‌ಎಲ್ 100, ಎಸ್‌ಕೆ 100ರಂಥ ದೇಶೀಯ ಟ್ರಾನ್ಸಿಸ್ಟರುಗಳ ಹೆಸರು ಹೇಳಿದೊಡನೆ ತೆಗೆದುಕೊಡುವ ಅಂಗಡಿಗಳು ಅಲ್ಲಿ ಸಾಲಾಗಿ ಎದ್ದವು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ನೆಲದ ಮೇಲೆ ಹರಡುವ ಸಂಡೇ ಬಜಾರ್ ಇವೆರಡರ ನಡುವಿನದು. ಅಲ್ಲಿ ವಿಂಗಡಣೆಯೂ ಇಲ್ಲ, ತೂಕವೂ ಇಲ್ಲ, ಚೌಕಾಸಿ ಮಾತ್ರ. ಈ ವಿಂಗಡಣೆಗೆ ಒಂದು ಕತ್ತಲೆಯ ಮುಖವೂ ಇತ್ತು. ಹಳೆಯ ಚಿಪ್ಪುಗಳ ಮೇಲಿನ ಬರಹವನ್ನು ಉಜ್ಜಿ ಹೆಚ್ಚಿನ ಬೆಲೆಯ ಅಂಕಿ ಮುದ್ರಿಸಿ ಮಾರುವ ಪಿಡುಗು ಜಗತ್ತಿನ ಎಲ್ಲ ಬಿಡಿಭಾಗ ಪೇಟೆಗಳಂತೆ ಭಾರತದ ಪೇಟೆಗಳನ್ನೂ ಕಾಡಿದೆ, ಮತ್ತು ಅಳತೆಯ ಉಪಕರಣ ಕೊಳ್ಳಲು ಬಂದ ಹವ್ಯಾಸಿಗೆ ಅಂಥ ಮೋಸ ಹಿಡಿಯಲು ಅಳತೆಯ ಉಪಕರಣವೇ ಬೇಕಾಗಿರುವುದು ಈ ವ್ಯಾಪಾರದ ಹಳೆಯ ವಿಪರ್ಯಾಸ.

ಕೊಳ್ಳುವವರು ಬೆಳೆಸಿಕೊಂಡ ಪರೀಕ್ಷೆಯ ಕ್ರಮ ಬರಹಕ್ಕಿಳಿಯದ ಒಂದು ಶಾಸ್ತ್ರವೇ ಆಗಿತ್ತು. ಆಸಿಲೋಸ್ಕೋಪಾದರೆ ಕರೆಂಟು ಕೊಟ್ಟು ಪರದೆಯ ಮೇಲೆ ಗೆರೆ ಮೂಡುವುದನ್ನು ಮೊದಲು ನೋಡಬೇಕು. ಗೆರೆ ಮೂಡಿದರೆ ಒಂದು ಬೆಲೆ, ಮೂಡದಿದ್ದರೆ ಇನ್ನೊಂದು. ಗೆರೆ ಮಸುಕಾಗಿದ್ದರೆ ಚಿತ್ರನಳಿಕೆ ಸವೆದಿರಬಹುದು, ಅದಕ್ಕೆ ಬದಲಿ ಸಿಗುವುದಿಲ್ಲ. ಗೆರೆ ನಡುಗುತ್ತಿದ್ದರೆ ವಿದ್ಯುತ್ ಪೂರೈಕೆಯ ಭಾಗದಲ್ಲಿರುವ ಎಲೆಕ್ಟ್ರೋಲಿಟಿಕ್ ಧಾರಕಗಳೊಳಗಿನ ದ್ರವ ಒಣಗಿರುತ್ತದೆ, ಅವನ್ನು ಕೆಲವೇ ರೂಪಾಯಿಗಳಲ್ಲಿ ಬದಲಿಸಬಹುದು. ಎರಡನೆಯ ದೋಷವನ್ನು ಮೊದಲನೆಯದೆಂದು ವ್ಯಾಪಾರಿ ಭಾವಿಸಿದ್ದರೆ ಕೊಳ್ಳುವವನ ಅದೃಷ್ಟ ಖುಲಾಯಿಸಿತೆಂದೇ ಅರ್ಥ. ಸರ್ಕಾರಿ ವರ್ಕ್‌ಶಾಪುಗಳಿಂದ ಬರುತ್ತಿದ್ದ ಬ್ರಿಟನ್ನಿನ ಏವೋ ಮೀಟರು ಗಟ್ಟಿತನಕ್ಕೆ ಹೆಸರಾದದ್ದು, ಆದರೆ ಹೆಚ್ಚಿನ ರೋಧ ಅಳೆಯಲು ಅದಕ್ಕೆ ಬೇಕಾದ 15 ವೋಲ್ಟಿನ ಬ್ಯಾಟರಿ ಅಂಗಡಿಗಳಲ್ಲಿ ಸಿಗುವುದು ನಿಂತ ಮೇಲೆ ಸಣ್ಣ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಅದರ ಹೊಟ್ಟೆಗೆ ತುರುಕುವುದೇ ದಾರಿಯಾಯಿತು. ಉಪಕರಣದ ಅಳತೆಯನ್ನು ಪ್ರಮಾಣಿತ ಅಳತೆಗೆ ಹೋಲಿಸಿ ತಿದ್ದುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕಾರ್ಖಾನೆಗೆ ಅದು ಕಡ್ಡಾಯ, ಹವ್ಯಾಸಿಗೆ ಎರಡು ಮೀಟರು ಒಂದೇ ಅಂಕಿ ತೋರಿಸಿದರೆ ಸಾಕು.

ಬೆಂಗಳೂರಿನಿಂದ ದೂರ ಹೋದಂತೆ ಈ ಸರಪಳಿ ತೆಳುವಾಗುತ್ತಿತ್ತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿ, ಆಮೇಲೆ ಸೆಲ್ಲಿನ ಮೇಲೆ ನಡೆಯುವ ಟ್ರಾನ್ಸಿಸ್ಟರ್ ರೇಡಿಯೊ ತೋಟದ ಮನೆಗಳಿಗೂ ಹೊಕ್ಕಾಗ ತರೀಕೆರೆ, ಬೀರೂರು, ಕಡೂರುಗಳಂಥ ಪೇಟೆಗಳಲ್ಲಿ ರಿಪೇರಿ ಅಂಗಡಿಗಳಿಗೆ ಕೆಲಸ ಬಂತು. ಟಿ.ವಿ. ಬಂದ ಮೇಲೆ ಬೆಟ್ಟದ ಮರೆಯ ಊರುಗಳಲ್ಲಿ ಎತ್ತರದ ಕಂಬದ ಆಂಟೆನಾಗಳಿಗೂ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಬೂಸ್ಟರುಗಳಿಗೂ ಬೇಡಿಕೆ ಹುಟ್ಟಿತು. ಈ ಅಂಗಡಿಗಳಲ್ಲಿ ಆಸಿಲೋಸ್ಕೋಪು ಇರುತ್ತಿದ್ದುದು ವಿರಳ. ಬಲ್ಬೊಂದನ್ನು ರಿಪೇರಿಗೆ ಬಂದ ಯಂತ್ರದೊಡನೆ ಸಾಲಾಗಿ ಜೋಡಿಸಿದ ಸೀರೀಸ್ ಬೋರ್ಡು ಮೆಕ್ಯಾನಿಕ್ಕಿನ ಮೊದಲ ಉಪಕರಣ: ಯಂತ್ರದೊಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಫ್ಯೂಸು ಹೋಗುವುದಿಲ್ಲ. ಎರಡು ಟ್ರಾನ್ಸಿಸ್ಟರು, ನಾಲ್ಕಾರು ರೋಧಕ, ಧಾರಕಗಳಿಂದ ಮನೆಯಲ್ಲೇ ಕಟ್ಟಿದ ಸಿಗ್ನಲ್ ಇಂಜೆಕ್ಟರು, ಅಂದರೆ ಕಿರಿಕಿರಿ ಸದ್ದಿನ ಸಂಕೇತವನ್ನು ಸರ್ಕ್ಯೂಟಿನ ಹಂತಹಂತಕ್ಕೆ ತಾಗಿಸಿ ಅದು ಎಲ್ಲಿ ನಿಲ್ಲುತ್ತದೆಂದು ಪತ್ತೆಹಚ್ಚುವ ಕಡ್ಡಿ, ಎರಡನೆಯದು. ಬೆಂಗಳೂರಿಗೆ ಹೋದವರು ತಂದ ಬಳಸಿದ ಮುಳ್ಳಿನ ಮಲ್ಟಿಮೀಟರು ಮೂರನೆಯದು. ಇಷ್ಟರಲ್ಲೇ ಕವಾಟದ ರೇಡಿಯೊದಿಂದ ಬಣ್ಣದ ಟಿ.ವಿ.ಯವರೆಗೆ ದುರಸ್ತಿ ಮಾಡಿದ ತಲೆಮಾರಿನ ಕೌಶಲವನ್ನು ಉಪಕರಣಗಳ ಪಟ್ಟಿಯಿಂದ ಅಳೆಯುವುದು ಅನ್ಯಾಯವೇ ಸರಿ.

1991ರ ಉದಾರೀಕರಣವೂ 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದವೂ ಈ ಆರ್ಥಿಕತೆಯ ಬುಡವನ್ನೇ ಅಲುಗಿಸಿದವು. ಎಸ್.ಪಿ. ರಸ್ತೆಯ ಬಹಳಷ್ಟು ಅಂಗಡಿಗಳು ಕಂಪ್ಯೂಟರಿಗೆ, ಅನಂತರ ಮೊಬೈಲಿಗೆ ತಿರುಗಿದವು. ಬಹುರಾಷ್ಟ್ರೀಯ ಕಂಪನಿಗಳ ಪ್ರಯೋಗಾಲಯಗಳು ಬೆಂಗಳೂರಿಗೆ ಬಂದುದರಿಂದ ಬಳಸಿದ ಉಪಕರಣಗಳ ಗುಣಮಟ್ಟ ಏರಿತಾದರೂ ಅವನ್ನು ಬಾಡಿಗೆಗೆ ಕೊಡುವ, ಕ್ಯಾಲಿಬ್ರೇಟ್ ಮಾಡಿ ಮರುಮಾರುವ ವೃತ್ತಿಪರರು ನಡುವೆ ಬಂದರು. ಕೊನೆಗೆ ಚೀನಾದ ಹೊಸ ಉಪಕರಣಗಳೇ ಹಳೆಯವಕ್ಕೆ ಪೈಪೋಟಿಯಾದವು. 2010ರ ಸುಮಾರಿಗೆ ರಿಗೋಲ್ ಕಂಪನಿಯ 50 ಮೆಗಾಹರ್ಟ್ಸ್‌ನ ಡಿಜಿಟಲ್ ಆಸಿಲೋಸ್ಕೋಪನ್ನು ತಂತ್ರಾಂಶದ ತಿದ್ದುಪಡಿಯಿಂದಲೇ 100 ಮೆಗಾಹರ್ಟ್ಸ್‌ಗೆ ಏರಿಸಬಹುದೆಂದು ಹವ್ಯಾಸಿಗಳು ಕಂಡುಕೊಂಡಾಗ, ಮೂವತ್ತು ವರ್ಷದ ಭಾರೀ ಪೆಟ್ಟಿಗೆಯನ್ನು ಹೊತ್ತು ತರುವ ಅಗತ್ಯ ಅನೇಕರಿಗೆ ಉಳಿಯಲಿಲ್ಲ.

ಇದೇ ಹೊತ್ತಿಗೆ ಗುಜರಿಯ ಕಾನೂನೂ ಬದಲಾಯಿತು. ಬೋರ್ಡುಗಳನ್ನು ಬಯಲಿನಲ್ಲಿ ಸುಟ್ಟು, ಆಮ್ಲದಲ್ಲಿ ತೊಳೆದು ಲೋಹ ತೆಗೆಯುವ ಕೆಲಸ ಆ ಕೆಲಸಗಾರರ ಆರೋಗ್ಯವನ್ನೂ ನೆಲ, ನೀರುಗಳನ್ನೂ ಕೆಡಿಸುತ್ತಿದ್ದುದರಿಂದ ನಿಯಂತ್ರಣ ಅನಿವಾರ್ಯವಾಗಿತ್ತು. 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ ಶಾಸ್ತ್ರೀಯ ಮರುಬಳಕೆ ಆರಂಭಿಸಿದ್ದು ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲಿ ಒಂದು. 2012ರ ಮೇ ತಿಂಗಳಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ 2016ರ ಪರಿಷ್ಕೃತ ನಿಯಮಗಳೂ ಮುಖ್ಯವಾಗಿ ಕಂಪ್ಯೂಟರು, ದೂರವಾಣಿ, ಗೃಹೋಪಯೋಗಿ ವಸ್ತುಗಳಿಗೆ ಅನ್ವಯಿಸಿದ್ದವು. 2022ರಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಪಟ್ಟಿಯನ್ನು 21ರಿಂದ 106 ವಸ್ತುಗಳಿಗೆ ಹಿಗ್ಗಿಸಿ, ಪ್ರಯೋಗಾಲಯದ ಉಪಕರಣಗಳನ್ನೂ ಅದರೊಳಗೆ ತಂದವು. ಸಾರ್ವಜನಿಕ ಸಂಸ್ಥೆಗಳ ಇ-ತ್ಯಾಜ್ಯದ ಲಾಟುಗಳನ್ನು ಈಗ ನೋಂದಾಯಿತ ಸಂಸ್ಥೆಗಳು ಮಾತ್ರ ಹಿಡಿಯಬಹುದು. ನವೀಕರಣ ಮಾಡುವವರಿಗೂ ನಿಯಮದಲ್ಲಿ ಸ್ಥಾನವಿದೆಯಾದರೂ, ಲಾಟಿನಿಂದ ಒಂದೇ ಒಂದು ಆಸಿಲೋಸ್ಕೋಪನ್ನು ಬೇರ್ಪಡಿಸಿ ಬೀರೂರಿನ ರೈಲು ಹಿಡಿಯುವ ಕೊಳ್ಳುವವನಿಗೆ ಅಲ್ಲಿ ಯಾವ ನಮೂನೆಯೂ ಇಲ್ಲ.