ರಿಯೋಕಾನ್

ರಿಯೋಕಾನ್ ಜಪಾನಿನ ಸಾಂಪ್ರದಾಯಿಕ ವಸತಿಗೃಹ. ತತಾಮಿ ಚಾಪೆಯ ನೆಲ, ಎಲ್ಲರೂ ಬಳಸುವ ದೊಡ್ಡ ಸ್ನಾನಗೃಹ, ರಾತ್ರಿಯೂಟ, ಬೆಳಗಿನ ತಿಂಡಿ ಇವು ಇದರ ಗುರುತುಗಳು. ಬಾಡಿಗೆಯನ್ನು ಕೋಣೆಗೆ ಇಷ್ಟೆಂದಲ್ಲ, ತಲೆಗೆ ಇಷ್ಟೆಂದು ಹಿಡಿಯುವುದೇ ವಾಡಿಕೆ. ಊಟ, ಸ್ನಾನ, ಹಾಸಿಗೆಗಳನ್ನು ಒಂದೇ ಲೆಕ್ಕಕ್ಕೆ ಸೇರಿಸುವ ಈ ಕ್ರಮಕ್ಕೆ ಬೇರು ಹಳೆಯ ಹೆದ್ದಾರಿಗಳಲ್ಲಿದೆ.

ನಾರಾ ಯುಗದಲ್ಲಿ (710–794) ತೆರಿಗೆಯ ಸರಕು ಹೊತ್ತು ರಾಜಧಾನಿಗೆ ಹೋದ ರೈತರು ಹಿಂದಿರುಗುವ ದಾರಿಯಲ್ಲಿ ಹಸಿವಿನಿಂದ ಸಾಯುತ್ತಿದ್ದರು. ಅಂಥವರಿಗಾಗಿ ಗ್ಯೋಕಿ ಮೊದಲಾದ ಬೌದ್ಧ ಭಿಕ್ಷುಗಳು ‘ಫುಸೆಯ’ ಎಂಬ ಧರ್ಮಛತ್ರಗಳನ್ನು ಕಟ್ಟಿಸಿದರು. ಬಿಸಿನೀರಿನ ಬುಗ್ಗೆಗಳ ಬಳಿ ರೋಗ ವಾಸಿಗೆಂದು ವಾರಗಟ್ಟಲೆ ತಂಗುವ ರೂಢಿಯೂ ಪುರಾತನವಾದುದು. ಯಾಮಾನಾಶಿ ಪ್ರಾಂತ್ಯದ ಕೇಉನ್‌ಕಾನ್ ಕ್ರಿ.ಶ. 705ರಲ್ಲಿ, ಇಶಿಕಾವಾ ಪ್ರಾಂತ್ಯದ ಹೋಶಿ 718ರಲ್ಲಿ ಸ್ಥಾಪನೆಯಾದವೆಂದು ಪರಂಪರೆ ಹೇಳುತ್ತದೆ.

ರಿಯೋಕಾನ್ ಇಂದಿನ ರೂಪಕ್ಕೆ ಬಂದದ್ದು ಮುಖ್ಯವಾಗಿ ಎಡೊ ಕಾಲದಲ್ಲಿ. ಪ್ರಾಂತೀಯ ಪ್ರಭುಗಳು ಸರದಿಯ ಮೇಲೆ ಎಡೊ (ಇಂದಿನ ಟೋಕಿಯೊ) ನಗರದಲ್ಲಿ ವಾಸಿಸಬೇಕೆಂಬ ಕಟ್ಟಳೆಯನ್ನು ದೇಶವಾಳುತ್ತಿದ್ದ ಸೇನಾಧಿಪತಿ ಶೋಗುನ್ 1635ರಲ್ಲಿ ವಿಧಿಸಿದ. ಪರಿವಾರ ಸಮೇತ ಸಾಗುವ ಪ್ರಭುಗಳಿಂದ ದಾರಿಗಳೆಲ್ಲ ತುಂಬಿದವು. ಎಡೊದಿಂದ ಕ್ಯೋಟೊಗೆ ಸುಮಾರು 500 ಕಿ.ಮೀ. ಉದ್ದದ ತೋಕಾಯ್ಡೊ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ಪ್ರಭುಗಳು ಇಳಿಯುತ್ತಿದ್ದುದು ‘ಹೊಂಜಿನ್’ನಲ್ಲಿ. ಬಡ ಪ್ರಯಾಣಿಕರು ಸೌದೆಯ ದುಡ್ಡು ಕೊಟ್ಟು ತಾವೇ ಬೇಯಿಸಿಕೊಳ್ಳುವ ‘ಕಿಚಿನ್‌ಯಾದೊ’ಗಳಿಗೆ ಹೋಗುತ್ತಿದ್ದರು. ವ್ಯಾಪಾರಿಗಳೂ ಯಾತ್ರಿಕರೂ ಊಟ ಹಾಕುವ ‘ಹತಾಗೊ’ವನ್ನು ಆರಿಸಿಕೊಳ್ಳುತ್ತಿದ್ದರು, ಈಗಿನ ರಿಯೋಕಾನ್ ಹೆಚ್ಚಾಗಿ ಇದರ ಸಂತತಿ. ಗೋಯು ಎಂಬ ತಂಗುದಾಣದಲ್ಲಿ ಹತಾಗೊದ ಹೆಂಗಸರು ದಾರಿಹೋಕರನ್ನು ಹಿಡಿದು ಒಳಗೆ ಎಳೆಯುತ್ತಿರುವ ದೃಶ್ಯ ಹಿರೋಶಿಗೆಯ ಪ್ರಸಿದ್ಧ ಮರದಚ್ಚಿನ ಚಿತ್ರವೊಂದರಲ್ಲಿದೆ. ಊಟ ಬಡಿಸುವ ನೆಪದಲ್ಲಿ ಸೇರಿಸಿಕೊಂಡ ಬಡ ಹೆಣ್ಣುಮಕ್ಕಳನ್ನು ಅನೇಕ ಹತಾಗೊಗಳು ವೇಶ್ಯಾವೃತ್ತಿಗೆ ದೂಡಿದವು. ಈ ಅತಿಥಿ ಸತ್ಕಾರದ ಇತಿಹಾಸ ಬರೆಯುವವರು ಅವರನ್ನು ಮರೆಯಬಾರದು.

1870ರಲ್ಲಿ ಹೊಂಜಿನ್ ವ್ಯವಸ್ಥೆ ರದ್ದಾಯಿತು. 1889ರಲ್ಲಿ ತೋಕಾಯ್ಡೊ ರೈಲು ಮಾರ್ಗ ಪೂರ್ಣಗೊಂಡ ಮೇಲೆ ನಡೆದು ಹೋಗುವವರೇ ಕಡಿಮೆಯಾಗಿ, ಹೆದ್ದಾರಿಯ ಛತ್ರಗಳು ಸೊರಗಿದವು. ರೈಲು ನಿಲ್ದಾಣಗಳ ಎದುರಿಗೂ ಬಿಸಿನೀರಿನ ಊರುಗಳಲ್ಲೂ ಹೊಸ ರಿಯೋಕಾನ್‌ಗಳು ಎದ್ದವು. ಯಾಸುನಾರಿ ಕವಾಬಾತಾ ‘ಹಿಮದ ನಾಡು’ ಕಾದಂಬರಿಯನ್ನು ಬರೆದದ್ದು ಯುಜಾವಾದ ಇಂಥದೊಂದು ವಸತಿಗೃಹದಲ್ಲಿ ತಂಗಿ.

ಇಂದಿನ ರಿಯೋಕಾನ್‌ನಲ್ಲಿ ಅತಿಥಿ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ‘ನಕಾಯ್’ ಎಂಬ ಪರಿಚಾರಿಕೆ ಕೋಣೆಗೆ ಕರೆದೊಯ್ದು ಹಸಿರು ಚಹಾ, ಸಿಹಿ ತಿನಿಸು ಕೊಡುತ್ತಾಳೆ. ಕೋಣೆಯಲ್ಲಿ ಮಂಚವಿಲ್ಲ. ತಗ್ಗಾದ ಮೇಜು, ಕೂರಲು ದಿಂಬು, ಗೋಡೆಯ ಗೂಡಿನಲ್ಲಿ ಒಂದು ಚಿತ್ರಪಟ, ಋತುವಿಗೆ ತಕ್ಕ ಹೂವು, ಇಷ್ಟೇ. ಮೈಗೆ ‘ಯುಕಾತಾ’ ಎಂಬ ಹತ್ತಿಯ ನಿಲುವಂಗಿ. ಅದರ ಎಡಸೆರಗು ಮೇಲೆ ಬರಬೇಕು. ಬಲಸೆರಗನ್ನು ಮೇಲೆ ತರುವುದು ಶವಕ್ಕೆ ಉಡಿಸುವಾಗ ಮಾತ್ರ. ಸ್ನಾನಗೃಹದಲ್ಲಿ ಮೊದಲು ಪುಟ್ಟ ಮಣೆಯ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದುಕೊಂಡು, ನೊರೆಯೆಲ್ಲ ಹೋದ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ತೊಟ್ಟಿಯ ನೀರು ಎಲ್ಲರದೂ ಆದ್ದರಿಂದ ಒರೆಸುವ ಬಟ್ಟೆಯನ್ನೂ ಅದರಲ್ಲಿ ಅದ್ದುವಂತಿಲ್ಲ. ರಾತ್ರಿಯೂಟದಲ್ಲಿ ಆಯಾ ಸೀಮೆಯ ಮೀನು, ಸೊಪ್ಪು, ಅಣಬೆಗಳ ಅಡುಗೆ ಸಣ್ಣ ಸಣ್ಣ ಪಾತ್ರೆಗಳಲ್ಲಿ ಒಂದಾದ ಮೇಲೊಂದು ಬರುತ್ತದೆ. ಊಟ ಮುಗಿಯುವ ಹೊತ್ತಿಗೆ ನೆಲದ ಮೇಲೆ ಹಾಸಿಗೆ ಸಿದ್ಧ.

ಇಷ್ಟೆಲ್ಲದರ ಹೊಣೆ ‘ಒಕಾಮಿ’ ಎಂಬ ಮನೆಯೊಡತಿಯದು. ನಸುಕಿನಿಂದ ನಡುರಾತ್ರಿಯವರೆಗೆ ಬಿಡುವಿಲ್ಲದ ಈ ದುಡಿಮೆಗೆ ಮುಂದಿನ ಪೀಳಿಗೆ ಸುಲಭವಾಗಿ ಸಿಗುತ್ತಿಲ್ಲ. 1980ರ ಸುಮಾರಿಗೆ 80,000ಕ್ಕೂ ಹೆಚ್ಚಿದ್ದ ರಿಯೋಕಾನ್‌ಗಳು 2017ರ ವೇಳೆಗೆ 40,000ಕ್ಕಿಂತ ಕೆಳಗಿಳಿದವು. ಜಗತ್ತಿನ ಅತ್ಯಂತ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆಗೆ ಸೇರಿದ ಕೇಉನ್‌ಕಾನ್‌ಗೂ ಉತ್ತರಾಧಿಕಾರಿಗಳ ಈ ಕೊರತೆ ತಪ್ಪಲಿಲ್ಲ. 52 ತಲೆಮಾರು ಒಂದೇ ಮನೆತನ ನಡೆಸಿಕೊಂಡು ಬಂದ ಅದರ ಆಡಳಿತವನ್ನು, ವಾರಸುದಾರರಿಲ್ಲದ ಕಾರಣ, 2017ರಲ್ಲಿ ಅಲ್ಲಿಯೇ ಬಹುಕಾಲ ದುಡಿದ ನೌಕರರೊಬ್ಬರು ವಹಿಸಿಕೊಂಡರು.