ಓದಿದವರ ಮಾತು, ಬರೆದವರ ಮಾತು

ಶಾಸನಸಭೆಗಳಲ್ಲಿ ವರ್ಷಾರಂಭಕ್ಕೆ ನಡೆಯುವ ಒಂದು ವಿಧಿಯುಂಟು. ದೆಹಲಿಯಲ್ಲಿ ರಾಷ್ಟ್ರಪತಿಗಳೂ ರಾಜ್ಯಗಳ ರಾಜಧಾನಿಗಳಲ್ಲಿ ರಾಜ್ಯಪಾಲರೂ ಸದಸ್ಯರ ಮುಂದೆ ನಿಂತು ಭಾಷಣವೊಂದನ್ನು ಓದುವರು. ಅವರು ಬರುವಾಗ ಎಲ್ಲರೂ ಎದ್ದು ನಿಲ್ಲುವರು. ಬಳಿಕ ಒಂದು ಪಕ್ಷದವರು ಮೇಜು ತಟ್ಟುವರು. ಇನ್ನೊಂದು ಪಕ್ಷದವರು ಕೂಗುವರು, ಕಾಗದ ಹರಿಯುವರು, ಕೆಲವೊಮ್ಮೆ ಎದ್ದು ಹೊರನಡೆಯುವರು. ಮರುದಿನದ ಪತ್ರಿಕೆಗಳಲ್ಲಿ ಭಾಷಣದ ವೃತ್ತಾಂತಕ್ಕಿಂತ ಕೂಗಾಟದ ವೃತ್ತಾಂತವೇ ದೊಡ್ಡದಾಗಿರುವುದು. ಇದನ್ನು ಓದಿದ ಗೃಹಸ್ಥರನೇಕರು ‘ಎಲ್ಲವೂ ಬರಿಯ ನಾಟಕ’ ಎಂದು ಪತ್ರಿಕೆಯನ್ನು ಮಡಿಸಿಡುವುದುಂಟು.

ನಾಟಕವೆಂಬುದೇನೋ ದಿಟ. ಆದರೆ ನಾಟಕವೆಂದ ಮಾತ್ರಕ್ಕೆ ಅದು ನಿರರ್ಥಕವೆಂದು ತಿಳಿಯಲಾಗದು. ಮಾತನ್ನು ಬರೆದವರು ಯಾರು, ಆಡಿದವರು ಯಾರು, ಕೇಳಿದವರಿಗೆ ಮರುಮಾತನಾಡುವ ಅಧಿಕಾರವಿದ್ದಿತೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಈ ನಾಟಕದ ಬೆಲೆ ಗೊತ್ತಾಗುವುದು. ನಮ್ಮ ಕೊಡಗು ಸೀಮೆಯು ಚಿಕ್ಕದಾದರೂ, ಈ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕಂಡಿದೆ. ಅವುಗಳನ್ನು ಕ್ರಮವಾಗಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದು 1834ನೆಯ ಇಸವಿಯದು. ಆ ವರ್ಷದ ಏಪ್ರಿಲಿನಲ್ಲಿ ಚಿಕ್ಕವೀರರಾಜೇಂದ್ರ ಒಡೆಯರು ಕುಂಪಣಿಯ ಸೈನ್ಯಕ್ಕೆ ಶರಣಾದರು. ಮೇ 7ರಂದು ಕರ್ನಲ್ ಫ್ರೇಸರ್ ಸಾಹೇಬನು ಹೊರಡಿಸಿದ ಘೋಷಣಾಪತ್ರವು ಕೊಡಗಿನ ನಿವಾಸಿಗಳೆಲ್ಲರೂ ಒಮ್ಮನಸ್ಸಿನಿಂದ ಕುಂಪಣಿಯ ಆಶ್ರಯವನ್ನು ಬಯಸಿದ್ದಾರೆಂದೂ, ಆ ಬಯಕೆಯಂತೆ ಸೀಮೆಯನ್ನು ಕುಂಪಣಿಗೆ ಸೇರಿಸಲಾಗಿದೆಯೆಂದೂ ಸಾರಿತು. ಅರಸನನ್ನು ಸೀಮೆಯಿಂದಾಚೆಗೆ ಕಳುಹಿಸಲಾಯಿತು. ಮುಂದೆ ಆತನು ಕಾಶಿಯಲ್ಲಿ ಇರಬೇಕಾಯಿತು. ಬರೆದವರೂ ಕುಂಪಣಿಯವರು, ಓದಿದವರೂ ಅವರೇ. ಕೇಳುವ ಪ್ರಜೆಗಳ ಮನಸ್ಸೂ ಹೀಗೆಯೇ ಇದೆಯೆಂದು ಮೊದಲೇ ಬರೆದಿಟ್ಟವರೂ ಅವರೇ. ಮರುಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲ. ಮುಂದೆ ಮೂರೇ ವರ್ಷಗಳಲ್ಲಿ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ಬಂಡಾಯವು ಆ ಒಮ್ಮನಸ್ಸು ಎಷ್ಟರದೆಂಬುದನ್ನು ತೋರಿಸಿತು. ಸಭೆಯಲ್ಲಿ ಆಡಲಾಗದ ಮರುಮಾತು ಕಾಡಿನ ದಾರಿಯನ್ನು ಹಿಡಿದು ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡನೆಯ ಬಗೆಯ ನಾಟಕವು ಮೊದಲು ತೋರಿದುದು ನೆರೆಯ ಮೈಸೂರಿನಲ್ಲಿ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಮಂದಿ ಪ್ರತಿನಿಧಿಗಳನ್ನು ಕೂಡಿಸಿ ಆಡಳಿತದ ವಿವರವನ್ನು ನಿರೂಪಿಸಿದರು. ಪ್ರಜಾಪ್ರತಿನಿಧಿ ಸಭೆಯೆಂದು ಹೆಸರಾದುದು ಇದೇ. ದಸರೆಯ ಕಾಲದಲ್ಲಿ ದಿವಾನರೇ ಅಧ್ಯಕ್ಷರಾಗಿ ಕುಳಿತು ಭಾಷಣವನ್ನೋದುವುದು, ಪ್ರತಿನಿಧಿಗಳು ತಂತಮ್ಮ ಸೀಮೆಯ ಕುಂದುಕೊರತೆಗಳನ್ನು ಬಿನ್ನವಿಸುವುದು ಅಲ್ಲಿಯ ಪದ್ಧತಿಯಾಯಿತು. ಬಿನ್ನಹಕ್ಕೆ ಅವಕಾಶವಿದ್ದಿತು, ತೀರ್ಮಾನಕ್ಕೆ ಇರಲಿಲ್ಲ. ಆದರೂ ಮಾತು ಕೇಳಿ ಮಾತನಾಡುವ ಅಭ್ಯಾಸವು ಅಲ್ಲಿ ಬೇರೂರಿತು. 1923ರ ಸುಧಾರಣೆಗಳಿಂದ ಆ ಸಭೆಗೆ ಕಾನೂನಿನ ಆಧಾರವೂ ದೊರೆಯಿತು.

ಅದರ ಮರುವರ್ಷ, 1924ರಲ್ಲಿ, ಕೊಡಗಿಗೂ ಶಾಸನಸಭೆಯೊಂದು ಬಂದಿತು. ಸದಸ್ಯರು 20 ಮಂದಿ. ಅವರಲ್ಲಿ ಚುನಾಯಿತರು 15, ಸರಕಾರದಿಂದ ನಾಮಕರಣಗೊಂಡವರು 5. ಮತದ ಹಕ್ಕು ಎಲ್ಲರದಾಗಿರಲಿಲ್ಲ, ಆಸ್ತಿಯುಳ್ಳವರದಾಗಿದ್ದಿತು. ಸಭೆಯ ಅಧ್ಯಕ್ಷರು ಚೀಫ್ ಕಮಿಷನರು. ಆ ಕಾಲದಲ್ಲಿ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರೂ ಆಗಿದ್ದು ಬೆಂಗಳೂರಿನಲ್ಲಿ ವಾಸಿಸುತ್ತಿದ್ದರು. ಪ್ರತ್ಯೇಕ ಚೀಫ್ ಕಮಿಷನರು ಬಂದುದು 1940ರಲ್ಲಿ. ಆಡಳಿತವನ್ನು ನಡೆಸುವಾತನೇ ಆಡಳಿತವನ್ನು ಪರೀಕ್ಷಿಸಬೇಕಾದ ಸಭೆಯ ಪೀಠದಲ್ಲಿ ಕುಳಿತರೆ, ಆತನ ಭಾಷಣವು ಆರೋಪಿಯೇ ನ್ಯಾಯಾಧೀಶನಾಗಿ ಕೊಟ್ಟ ತೀರ್ಪಿನಂತಾಗುವುದು ಸಹಜ. ಸದಸ್ಯರು ಪ್ರಶ್ನೆ ಕೇಳಬಹುದಾಗಿದ್ದಿತು, ನಿರ್ಣಯ ಮಂಡಿಸಬಹುದಾಗಿದ್ದಿತು, ಸರಕಾರವನ್ನು ಇಳಿಸುವಂತಿರಲಿಲ್ಲ. ಆದರೂ ಈ ಸಭೆಯನ್ನು ಹಗುರವಾಗಿ ಎಣಿಸಲಾಗದು. ಊರಮಂದಿನಲ್ಲಿ ತಕ್ಕರ ಮುಂದೆ ಮಾತನಾಡಲು ಬಲ್ಲವರು ಅಧಿಕಾರಿಯ ಮುಂದೆಯೂ ಎದ್ದು ನಿಂತು ಆತನ ಲೆಕ್ಕವನ್ನು ಆತನಿಗೇ ಓದಿ ಹೇಳಲು ಕಲಿತುದು ಇಲ್ಲಿ.

ಇಲ್ಲಿ ಕಲಿತವರಲ್ಲೊಬ್ಬರು ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು. 1910ರಲ್ಲಿ ಜನಿಸಿದ ಇವರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸವನ್ನನುಭವಿಸಿ, ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು ಈ ಸಭೆಯ ಸದಸ್ಯರಾದರು. ಆ ವೇಳೆಗೆ ಚೀಫ್ ಕಮಿಷನರ ಪದವಿಯಲ್ಲಿದ್ದವರು ಕೊಡಗಿನವರೇ ಆದ ಕೇಟೋಳಿರ ಚಂಗಪ್ಪನವರು. ಮನುಷ್ಯರು ನಮ್ಮವರಾದರೂ ಪದವಿಯನ್ನು ಕೊಡುವ ಕೈ ದೆಹಲಿಯದೇ ಆಗಿದ್ದಿತು. ಭಾರತದ ಸಂವಿಧಾನ ರಚನಾಸಭೆಗೆ ಕೊಡಗಿನಿಂದ ಹೋದ ಏಕೈಕ ಪ್ರತಿನಿಧಿಯೂ ಪೂಣಚ್ಚನವರೇ. ರಾಷ್ಟ್ರಪತಿಗಳ ಭಾಷಣವನ್ನು ಕುರಿತ 87ನೆಯ ವಿಧಿಯನ್ನೂ ರಾಜ್ಯಪಾಲರ ಭಾಷಣವನ್ನು ಕುರಿತ 176ನೆಯ ವಿಧಿಯನ್ನೂ ಅಂಗೀಕರಿಸಿದ ಸಭೆಯಲ್ಲಿ ಹೀಗೆ ಕೊಡಗಿನವರೊಬ್ಬರು ಕುಳಿತಿದ್ದರು.

ಈ ವಿಧಿಗಳ ತಿರುಳು ಇಂಗ್ಲೆಂಡಿನಿಂದ ಬಂದುದು. ಅಲ್ಲಿ ಅರಸನು ಸಿಂಹಾಸನದ ಮೇಲೆ ಕುಳಿತು ಓದುವ ಭಾಷಣವನ್ನು ಮಂತ್ರಿಗಳು ಬರೆದುಕೊಡುವರು. ಅರಸನ ದೂತನು ಕರೆಯಲು ಬಂದಾಗ ಸಾಮಾನ್ಯರ ಸಭೆಯವರು ಮೊದಲು ಅವನ ಮುಖಕ್ಕೆ ಬಾಗಿಲು ಮುಚ್ಚಿ ಆಮೇಲೆ ತೆರೆಯುವರು. 1642ರಲ್ಲಿ ಒಂದನೆಯ ಚಾರಲ್ಸ್ ಅರಸನು ಐವರು ಸದಸ್ಯರನ್ನು ಹಿಡಿಯಲು ಆ ಸಭೆಗೆ ನುಗ್ಗಿದ ಅನ್ಯಾಯದ ನೆನಪು ಈ ಆಚಾರದಲ್ಲಿ ಉಳಿದಿದೆ. ಅದೂ ನಾಟಕವೇ, ಆದರೆ ಸಭೆಯ ಸ್ವಾತಂತ್ರ್ಯವನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ತೋರಿಸಿಕೊಡುವ ನಾಟಕ. ನಮ್ಮ ಸಂವಿಧಾನದಲ್ಲಿಯೂ ಭಾಷಣವನ್ನು ಓದುವವರು ರಾಷ್ಟ್ರಪತಿಗಳು ಅಥವಾ ರಾಜ್ಯಪಾಲರು, ಬರೆಯುವವರು ಮಂತ್ರಿಗಳು, ಉತ್ತರ ಕೊಡುವವರು ಸದಸ್ಯರು. ಆ ಉತ್ತರಕ್ಕೆ ವಂದನಾ ನಿರ್ಣಯವೆಂದು ಹೆಸರು. ವಂದನೆಯೆಂಬ ಹೆಸರಿನಲ್ಲಿಯೇ ಖಂಡನೆಗೆ ಎಡೆಮಾಡಿಕೊಟ್ಟಿರುವುದು ಈ ಪದ್ಧತಿಯ ಜಾಣತನ.

1952ರಲ್ಲಿ ಕೊಡಗು ‘ಸಿ’ ಭಾಗದ ರಾಜ್ಯವಾಗಿ ಮೊದಲ ಬಾರಿಗೆ ವಯಸ್ಕ ಮತದಾನದಿಂದ ಶಾಸನಸಭೆಯನ್ನು ಆರಿಸಿತು. ಹಿಂದಿನ ವರ್ಷದ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 2,29,000; ಸಭೆಯ ಸ್ಥಾನಗಳು 24. ಕಾಂಗ್ರೆಸ್ಸು 15 ಸ್ಥಾನಗಳನ್ನು ಗೆದ್ದಿತು. ಉಳಿದ 9 ಸ್ಥಾನಗಳು ತಕ್ಕಡಿ ಗುರುತಿನಿಂದ ತಕ್ಕಡಿ ಪಕ್ಷವೆಂದೇ ಹೆಸರಾದ ಗುಂಪಿನವರ ಪಾಲಾದುವು. ಪೂಣಚ್ಚನವರು ಮುಖ್ಯಮಂತ್ರಿಗಳಾದರು, ಕೂತೂರು ಮಲ್ಲಪ್ಪನವರು ಇನ್ನೊಬ್ಬ ಮಂತ್ರಿಗಳು. ತಕ್ಕಡಿ ಪಕ್ಷದ ನಾಯಕರು ಗಾಂಧಿಯವರ ಅನುಯಾಯಿಗಳಾದ ಪಂದ್ಯಂಡ ಬೆಳ್ಯಪ್ಪನವರು. ಎರಡು ಕಡೆಯ ನಾಯಕರೂ ಒಂದೇ ರಾಷ್ಟ್ರೀಯ ಚಳವಳಿಯಲ್ಲಿ ದುಡಿದವರು. ಅವರನ್ನು ಬೇರ್ಪಡಿಸಿದುದು ಒಂದೇ ಪ್ರಶ್ನೆ: ಕೊಡಗು ಮೈಸೂರಿನೊಡನೆ ಸೇರಬೇಕೆ, ಬೇಡವೆ? ಕಾಂಗ್ರೆಸ್ಸಿನವರು ಸೇರಬೇಕೆಂದರು, ತಕ್ಕಡಿಯವರು ಬೇಡವೆಂದರು.

ಈ ಸಭೆಗೂ ಒಂದು ಕೊರತೆಯಿದ್ದಿತು. ‘ಸಿ’ ಭಾಗದ ರಾಜ್ಯಗಳ 1951ರ ಕಾಯಿದೆಯಂತೆ ಚೀಫ್ ಕಮಿಷನರು ಮಂತ್ರಿಮಂಡಲದ ಸಭೆಗಳಿಗೆ ತಾವೇ ಅಧ್ಯಕ್ಷರಾಗಬಹುದಾಗಿದ್ದಿತು. ಭಿನ್ನಾಭಿಪ್ರಾಯವೊದಗಿದರೆ ವಿಷಯವು ದೆಹಲಿಗೆ ಹೋಗುತ್ತಿದ್ದಿತು. ಆಗ ಆ ಪದವಿಯಲ್ಲಿದ್ದವರು ದಯಾಸಿಂಗ್ ಬೇಡಿಯವರು. ಇಂಥ ಏರ್ಪಾಟಿನಲ್ಲಿ ಸರಕಾರದ ಮಾತು ಮಡಿಕೇರಿಯದೋ ದೆಹಲಿಯದೋ ಎಂಬ ಸಂಶಯವು ಎರಡು ಪಕ್ಷದವರನ್ನೂ ಬಾಧಿಸದೆ ಇರುವಂತಿರಲಿಲ್ಲ.

ಆ ಸಂಶಯಕ್ಕೆ ಕಾಲವೇ ಉತ್ತರ ಹೇಳಿತು. 1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿ, ಕೊಡಗನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದಿತು. ರಾಜ್ಯದ ಎಲ್ಲೆಗಳನ್ನು ಬದಲಿಸುವ ಮುನ್ನ ಆ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವು ಸಂವಿಧಾನದಲ್ಲಿದ್ದಿತಾದರೂ, ಅಂದಿನ ವಾಕ್ಯದಂತೆ ಅದು ‘ಎ’ ಮತ್ತು ‘ಬಿ’ ಭಾಗದ ರಾಜ್ಯಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಕೊಡಗು ‘ಸಿ’ ಭಾಗದ್ದು. ವಿಲೀನವನ್ನು ಬಯಸಿದವರೂ ಬಯಸದವರೂ ಇದನ್ನು ಸಮಾನವಾಗಿ ಯೋಚಿಸತಕ್ಕದ್ದು. ತಮ್ಮ ರಾಜ್ಯವೇ ಇಲ್ಲವಾಗುವ ವಿಷಯದಲ್ಲಿ 24 ಮಂದಿಯ ಮಾತನ್ನು ಕೇಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ವಿಲೀನವು ಯುಕ್ತವೇ ಆಗಿರಬಹುದು. ಹೆಚ್ಚು ಸ್ಥಾನ ಗೆದ್ದ ಪಕ್ಷವೂ ಅದರ ಕಡೆಗೇ ಇದ್ದಿತು. ಆದರೆ ಯುಕ್ತವಾದ ತೀರ್ಮಾನವೂ ಸಭೆಯ ಒಪ್ಪಿಗೆಯನ್ನು ವಿಧಿಪೂರ್ವಕವಾಗಿ ಪಡೆದು ಬಂದರೆ ಸೋತವರ ಮನಸ್ಸಿನಲ್ಲಿ ಕಹಿ ಕಡಮೆಯಾಗುವುದು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಮಡಿಕೇರಿಯ ಸಭೆ ಮುಗಿಯಿತು. ನಮ್ಮ ಪ್ರತಿನಿಧಿಗಳು ಬೆಂಗಳೂರಿಗೆ ಹೋಗಿ, ರಾಜ್ಯಪಾಲರಾದ ಜಯಚಾಮರಾಜ ಒಡೆಯರ ಭಾಷಣವನ್ನು ಕೇಳುವ ಕಾಲ ಬಂದಿತು.

ಇತ್ತ ದೇಶದ ಇತರ ಸಭೆಗಳಲ್ಲಿ ಈ ಭಾಷಣವು ಪಕ್ಷಗಳ ಕಣವಾಗತೊಡಗಿತು. 1963ರ ಫೆಬ್ರವರಿ 18ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಇಂಗ್ಲಿಷಿನಲ್ಲಿ ಭಾಷಣ ಮಾಡತೊಡಗಿದಾಗ ಹಿಂದಿಯ ಅಭಿಮಾನಿಗಳಾದ ಕೆಲವು ಸದಸ್ಯರು ಅಡ್ಡಿಮಾಡಿ ಹೊರನಡೆದರು. ಲೋಕಸಭೆಯು ಅವರ ನಡತೆಯನ್ನು ವಿಚಾರಿಸಬೇಕಾಯಿತು. 1969ರ ಮಾರ್ಚ್ 6ರಂದು ಪಶ್ಚಿಮ ಬಂಗಾಳದಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಅಲ್ಲಿ ತಪ್ಪಿದವರು ಕೇಳುವವರಲ್ಲ, ಓದುವವರು. ಹಿಂದಿನ ಸಂಯುಕ್ತರಂಗ ಸರಕಾರವನ್ನು ವಜಾಮಾಡಿದುದನ್ನು ಖಂಡಿಸುವ ಎರಡು ಪ್ಯಾರಾಗಳನ್ನು ಮಂತ್ರಿಗಳು ಬರೆದುಕೊಟ್ಟಿದ್ದರು. ವಜಾಮಾಡಿದ ರಾಜ್ಯಪಾಲ ಧರ್ಮವೀರ ಅವರೇ ಅವನ್ನು ಓದಬೇಕಾಗಿದ್ದಿತು. ಅವರು ಆ ಎರಡನ್ನೂ ಬಿಟ್ಟು ಉಳಿದುದನ್ನು ಓದಿದರು, ಸಭೆಯಲ್ಲಿ ಕೋಲಾಹಲವೆದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಧರ್ಮವೀರ ಅವರು ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿ ಬಂದರು. ಬಂಗಾಳದ ವಿವಾದವು ದೂರದ್ದಲ್ಲವೆಂದು ಕೊಡಗಿನ ಓದುಗರಿಗೂ ತೋರಿರಬೇಕು. ಇಂಥದು ಅಲ್ಲಿಗೇ ನಿಲ್ಲಲಿಲ್ಲ: 2023ರ ಜನವರಿಯಲ್ಲಿ ತಮಿಳುನಾಡಿನ ರಾಜ್ಯಪಾಲರು ಭಾಷಣದ ಕೆಲವು ಭಾಗಗಳನ್ನು ಬಿಟ್ಟರು, 2024ರ ಜನವರಿಯಲ್ಲಿ ಕೇರಳದ ರಾಜ್ಯಪಾಲರು ಕೊನೆಯ ಪ್ಯಾರಾವನ್ನು ಮಾತ್ರ ಓದಿ ಹೊರಟರು. ದೂರದ ಅಮೆರಿಕಾದಲ್ಲಿ 2020ರ ಫೆಬ್ರವರಿಯಲ್ಲಿ ಪ್ರತಿನಿಧಿ ಸಭೆಯ ಅಧ್ಯಕ್ಷಿಣಿಯು ರಾಷ್ಟ್ರಾಧ್ಯಕ್ಷರ ಭಾಷಣದ ಪ್ರತಿಯನ್ನು ಎಲ್ಲರೆದುರಿಗೆ ಹರಿದರು.

ಈಗ ಮತ್ತೆ ಪೂಣಚ್ಚನವರ ಕಡೆಗೆ ಬರೋಣ. 1978ರಲ್ಲಿ ಅವರು ಮಧ್ಯಪ್ರದೇಶಕ್ಕೂ 1980ರಲ್ಲಿ ಒರಿಸ್ಸಾಕ್ಕೂ ರಾಜ್ಯಪಾಲರಾದರು. ಯೌವನದಲ್ಲಿ ಚೀಫ್ ಕಮಿಷನರ ಸಭೆಯಲ್ಲಿ ಕೇಳುವವರ ಸಾಲಿನಲ್ಲಿ ಕುಳಿತವರು, ನಡುವಯಸ್ಸಿನಲ್ಲಿ ಸರಕಾರದ ನೀತಿಯನ್ನು ತಾವೇ ಬರೆದವರು, ಈಗ ಇತರರು ಬರೆದುದನ್ನು ಓದುವ ಪೀಠದಲ್ಲಿದ್ದರು. ಭೋಪಾಲದಲ್ಲಿ ಅವರು ಹೋದಾಗ ಇದ್ದುದು ಜನತಾಪಕ್ಷದ ಮಂತ್ರಿಮಂಡಲ. ಭುವನೇಶ್ವರದಲ್ಲಿ 1980ರ ಜೂನಿನಿಂದ ಇದ್ದುದು ಕಾಂಗ್ರೆಸ್ಸಿನ ಮಂತ್ರಿಮಂಡಲ. ಪಕ್ಷ ಯಾವುದಾದರೇನು, ‘ನನ್ನ ಸರಕಾರ’ವೆಂದು ಹೇಳುವುದು ಆ ಪೀಠದ ಧರ್ಮ. ಇದರಲ್ಲಿ ಅವಮಾನವೇನೂ ಇಲ್ಲ. ರಾಜ್ಯಪಾಲರು ತಮಗೊಪ್ಪದ ಮಾತನ್ನೂ ಓದಿದಾಗ, ಸರಕಾರವು ಚುನಾಯಿತರದೆಂಬ ಸತ್ಯವನ್ನು ಎಲ್ಲರೂ ಕಾಣುವರು. ಓದುವವರು ತಮ್ಮಿಚ್ಛೆಯಂತೆ ಸಾಲುಗಳನ್ನು ಬಿಡತೊಡಗಿದರೆ ನಾವು 1924ರ ಅಧ್ಯಕ್ಷಪೀಠಕ್ಕೇ ಮರಳಿದಂತಾಗುವುದು.

ಕೇಳುವವರಿಗೂ ಅಂಥದೇ ಧರ್ಮವುಂಟು. ಕೂಗಿ ಹೊರನಡೆದವರ ಅಸಮ್ಮತಿಯು ಅಂದಿನ ಗದ್ದಲದಲ್ಲಿಯೇ ಕರಗಿಹೋಗುವುದು. 2015ರಲ್ಲಿಯೂ 2016ರಲ್ಲಿಯೂ ರಾಜ್ಯಸಭೆಯಲ್ಲಿ ವಿರೋಧಪಕ್ಷದವರು ರಾಷ್ಟ್ರಪತಿಗಳ ಭಾಷಣವನ್ನು ಕೊನೆಯವರೆಗೆ ಕೇಳಿ, ವಂದನಾ ನಿರ್ಣಯಕ್ಕೆ ತಿದ್ದುಪಡಿ ಮಂಡಿಸಿ, ಮತಕ್ಕೆ ಹಾಕಿಸಿ ಗೆದ್ದರು. ಅವರ ಮಾತು ಸಭೆಯ ಮಾತಾಗಿ ದಾಖಲೆಯಲ್ಲಿ ನಿಂತಿದೆ. ಸದ್ದು ಯಾವುದರಲ್ಲಿ ಹೆಚ್ಚೆಂದು ಕೇಳಿದರೆ ಹೊರನಡೆದುದರಲ್ಲಿ. ಬಲ ಯಾವುದರಲ್ಲಿ ಹೆಚ್ಚೆಂದು ಕೇಳಿದರೆ ತಿದ್ದುಪಡಿಯಲ್ಲಿ.

ದೊಡ್ಡ ಪ್ರದೇಶಗಳವರು ಕೂಗಿಯಾದರೂ ತಮ್ಮನ್ನು ಕೇಳಿಸಿಕೊಳ್ಳಬಲ್ಲರು. ನಮ್ಮಂಥ ಸಣ್ಣ ಸೀಮೆಯವರ ಗತಿ ಬೇರೆ. ಒಂದು ಕಾಲಕ್ಕೆ 24 ಮಂದಿಯ ಸ್ವಂತ ಸಭೆಯಿದ್ದ ಕೊಡಗಿಗೆ ಇಂದು 224 ಸ್ಥಾನಗಳ ವಿಧಾನಸಭೆಯಲ್ಲಿರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡು ಕ್ಷೇತ್ರಗಳು. ಇಬ್ಬರ ಕೂಗು 222 ಮಂದಿಯ ಗದ್ದಲದಲ್ಲಿ ಕೇಳಿಸದು. ಆದರೆ ಭಾಷಣದಲ್ಲಿ ಕಾಫಿಯ ಮಾತಿದೆಯೆ, ಆನೆಯ ಹಾವಳಿಯ ಮಾತಿದೆಯೆ, ಮಳೆಗಾಲದಲ್ಲಿ ಜರಿಯುವ ಗುಡ್ಡಗಳ ಮಾತಿದೆಯೆ ಎಂದು ನೋಡಿ, ಇಲ್ಲದುದನ್ನು ಎತ್ತಿ ತೋರಿಸಿ ಉತ್ತರ ಕೇಳುವ ಹಕ್ಕು ಇಬ್ಬರಿಗೂ ಇತರರಷ್ಟೇ ಇದೆ. 1834ರಲ್ಲಿ ನಮ್ಮ ಹಿರಿಯರಿಗೆ ಇಲ್ಲದಿದ್ದುದು ಇದೇ ಹಕ್ಕು. ಆದುದರಿಂದ ಮುಂದಿನ ಬಾರಿ ಪತ್ರಿಕೆಯಲ್ಲಿ ಭಾಷಣದ ದಿನದ ಗದ್ದಲವನ್ನು ಓದಿದ ಮೇಲೆ, ವಂದನಾ ನಿರ್ಣಯದ ಚರ್ಚೆಯ ವರದಿಯನ್ನೂ ಹುಡುಕಿ ಓದಬೇಕು. ನಮ್ಮ ಇಬ್ಬರು ಅಲ್ಲಿ ಏನು ಹೇಳಿದರೆಂದು ಅವರನ್ನೇ ಕೇಳಬೇಕು.