ಕಾದ ಅಚ್ಚು, ಚೆಲ್ಲಿದ ಸರಕು

ಸಣ್ಣ ನಿಲ್ದಾಣವೊಂದರಲ್ಲಿ ಗೂಡ್ಸ್ ರೈಲು ನಿಲ್ಲದೆ ಹಾದುಹೋಗುವುದನ್ನು ನೀವು ನೋಡಿರುತ್ತೀರಿ. ಪ್ಲಾಟ್‌ಫಾರಂ ಅಂಚಿನಲ್ಲಿ ರೈಲ್ವೆ ನೌಕರರೊಬ್ಬರು ಹಸಿರು ಬಾವುಟ ಹಿಡಿದು ನಿಂತಿರುತ್ತಾರೆ. ಅವರು ಚಾಲಕನಿಗೆ ದಾರಿ ತೋರಿಸಲು ಮಾತ್ರ ನಿಂತಿದ್ದಾರೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅವರಿಗೆ ಇನ್ನೊಂದು ಕೆಲಸವೂ ಇದೆ. ಹಾದುಹೋಗುವ ಪ್ರತಿಯೊಂದು ವ್ಯಾಗನಿನ ಗಾಲಿಗಳ ಕಡೆ ಅವರು ಕಣ್ಣಿಟ್ಟಿರಬೇಕು. ಏನಾದರೂ ಜೋತುಬಿದ್ದಿದೆಯೇ? ಎಲ್ಲಾದರೂ ಹೊಗೆ ಬರುತ್ತಿದೆಯೇ? ಗಾಲಿಯ ಅಚ್ಚು ಕೆಂಪಗೆ ಕಾದಿದೆಯೇ? ನಮ್ಮ ರೈಲ್ವೆಯವರ ಮಾತಿನಲ್ಲಿ ಈ ಕೊನೆಯದಕ್ಕೆ 'ಹಾಟ್ ಆಕ್ಸಲ್' ಎಂದು ಹೆಸರು.

ಅಚ್ಚು ಕಾಯುವುದೆಂದರೆ ಅಷ್ಟೇನು ದೊಡ್ಡ ವಿಷಯ ಎನ್ನಿಸಬಹುದು. ಒಂದು ಸರಳ ಲೆಕ್ಕ ಮಾಡೋಣ. ತುಂಬಿದ ದೊಡ್ಡ ಟ್ಯಾಂಕ್ ವ್ಯಾಗನಿನ ಒಟ್ಟು ತೂಕ ಸುಮಾರು 120 ಟನ್. ನಾಲ್ಕು ಅಚ್ಚುಗಳಿಗೆ ಎಂಟು ಬೇರಿಂಗ್‌ಗಳು. ಅಂದರೆ ಒಂದೊಂದರ ಮೇಲೆ 15 ಟನ್, ಎಂದರೆ ಸುಮಾರು ಒಂದೂವರೆ ಲಕ್ಷ ನ್ಯೂಟನ್ ಬಲ. ರೈಲು ಗಂಟೆಗೆ 80 ಕಿಮೀ ವೇಗದಲ್ಲಿ ಓಡುತ್ತಿದೆ, ಗಾಲಿಯ ವ್ಯಾಸ 90 ಸೆಂಮೀ, ಅಚ್ಚಿನ ತುದಿಯ ವ್ಯಾಸ 15 ಸೆಂಮೀ ಎಂದುಕೊಳ್ಳಿ. ಆಗ ಬೇರಿಂಗ್ ಒಳಗೆ ಅಚ್ಚಿನ ಮೈ ಸೆಕೆಂಡಿಗೆ ಸುಮಾರು 3.7 ಮೀ ವೇಗದಲ್ಲಿ ಜಾರುತ್ತಿರುತ್ತದೆ. ಕೀಲೆಣ್ಣೆಯ ಪದರ ಸರಿಯಾಗಿದ್ದು ಘರ್ಷಣಾಂಕ 0.002 ಇದ್ದರೆ ಹುಟ್ಟುವ ಉಷ್ಣ ಸೆಕೆಂಡಿಗೆ ಸುಮಾರು 1,100 ಜೌಲ್. ಮನೆಯ ಇಸ್ತ್ರಿಪೆಟ್ಟಿಗೆಯಷ್ಟು. ಓಡುವ ಗಾಳಿಗೆ ಅದು ಆರಿಹೋಗುತ್ತದೆ. ಎಣ್ಣೆ ಬತ್ತಿ ಲೋಹಕ್ಕೆ ಲೋಹ ಉಜ್ಜತೊಡಗಿದರೆ ಘರ್ಷಣಾಂಕ 0.2ರ ಸುಮಾರಿಗೆ ಏರುತ್ತದೆ. ಈಗ ಅದೇ ಜಾಗದಲ್ಲಿ ನೂರು ಇಸ್ತ್ರಿಪೆಟ್ಟಿಗೆಗಳು! ಉಕ್ಕು ಕೆಂಪಗಾಗಿ ಮೆದುವಾಗುತ್ತದೆ, 15 ಟನ್ ಭಾರಕ್ಕೆ ಬಾಗುತ್ತದೆ, ಕೊನೆಗೆ ಕತ್ತರಿಸಿಕೊಳ್ಳುತ್ತದೆ.

1979ರ ನವೆಂಬರ್ 10ರ ಶನಿವಾರ ರಾತ್ರಿ ಕೆನಡಾದ ಟೊರಾಂಟೊ ನಗರದ ಪಕ್ಕದ ಮಿಸ್ಸಿಸಾಗಾದಲ್ಲಿ ಆದದ್ದು ಇದೇ. ಕೆನಡಿಯನ್ ಪೆಸಿಫಿಕ್ ಕಂಪನಿಯ 106 ವ್ಯಾಗನುಗಳ ರೈಲು ಟೊರಾಂಟೊ ಕಡೆಗೆ ಬರುತ್ತಿತ್ತು. ಮೂವತ್ತಮೂರನೆಯ ವ್ಯಾಗನಿನಲ್ಲಿ ಟಾಲೂಯೀನ್ ತುಂಬಿತ್ತು. ಅದರದ್ದು ಹಳೆಯ ಮಾದರಿಯ ಬೇರಿಂಗ್. ಉರುಳೆಗಳಿಲ್ಲದ, ಎಣ್ಣೆಯಲ್ಲಿ ನೆನೆದ ಮೆತ್ತೆಯಿಂದಲೇ ಜಾರಿಕೆ ಪಡೆಯುವ ಬಗೆಯದು. ಎಣ್ಣೆ ಸಾಲದೆ ಅದು ಕಾಯತೊಡಗಿತು. ಹಳಿಯ ಬದಿಯ ಮನೆಗಳವರು ಹೊಗೆಯನ್ನೂ ಕಿಡಿಗಳನ್ನೂ ಕಂಡಿದ್ದರು. ರೈಲಿನಲ್ಲಿದ್ದವರಿಗೆ ಮಾತ್ರ ಅದು ಗೊತ್ತಾಗಲಿಲ್ಲ. ಊರೊಳಗೆ ಬರುತ್ತಿದ್ದಂತೆ ಅಚ್ಚು ತುಂಡಾಗಿ ಗಾಲಿಗಳು ಕಳಚಿ ಒಂದು ಮನೆಯ ಹಿತ್ತಲಿಗೆ ಬಿದ್ದವು. ವ್ಯಾಗನ್ ಹಾಗೆಯೇ ತೆವಳುತ್ತ ಇನ್ನೂ ಒಂದೆರಡು ಕಿಲೋಮೀಟರ್ ಸಾಗಿತು. ನಡುರಾತ್ರಿಗೆ ಕೆಲವೇ ನಿಮಿಷಗಳಿರುವಾಗ, ಮೇವಿಸ್ ರಸ್ತೆಯ ಕ್ರಾಸಿಂಗ್ ಬಳಿ, ಇಪ್ಪತ್ತಕ್ಕೂ ಹೆಚ್ಚು ವ್ಯಾಗನುಗಳು ಹಳಿ ತಪ್ಪಿ ಒಂದರ ಮೇಲೊಂದು ಬಿದ್ದವು.

ಬಿದ್ದವುಗಳಲ್ಲಿ ಹಲವು ಪ್ರೊಪೇನ್ ಟ್ಯಾಂಕುಗಳು. ಪ್ರೊಪೇನಿನ ಕುದಿಬಿಂದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಟ್ಯಾಂಕಿನೊಳಗೆ ಅದು ದ್ರವವಾಗಿರುವುದು ಒತ್ತಡದ ಬಲದಿಂದ ಮಾತ್ರ. ಬೆಂಕಿಯ ನಡುವೆ ಸಿಕ್ಕ ಇಂಥ ಟ್ಯಾಂಕಿನಲ್ಲಿ ಏನಾಗುತ್ತದೆಂದು ಯೋಚಿಸಿ. ದ್ರವ ತಾಗಿರುವ ಕೆಳಭಾಗದ ಉಕ್ಕಿನಿಂದ ದ್ರವ ಶಾಖವನ್ನು ಹೀರುತ್ತಲೇ ಇರುತ್ತದೆ. ಆ ಉಕ್ಕು ಅಷ್ಟಾಗಿ ಕಾಯುವುದಿಲ್ಲ. ಮೇಲ್ಭಾಗದಲ್ಲಿ ಬರಿಯ ಆವಿ. ಆವಿ ಶಾಖವನ್ನು ಒಯ್ಯುವುದರಲ್ಲಿ ಬಹಳ ನಿಧಾನಿ. ಅಲ್ಲಿನ ಉಕ್ಕು ಕಾದು ಬಲಗುಂದಿ ಹರಿಯುತ್ತದೆ. ಒತ್ತಡ ಒಮ್ಮೆಲೇ ಇಳಿದಾಗ, ತನ್ನ ಕುದಿಬಿಂದುವಿಗಿಂತ ಬಹಳ ಮೇಲಿನ ಉಷ್ಣತೆಯಲ್ಲಿರುವ ದ್ರವದ ಬಹುಪಾಲು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಆವಿಯ ಗಾತ್ರ ದ್ರವದ ಸುಮಾರು 270 ಪಟ್ಟು. ಅದಕ್ಕೆ ಬೆಂಕಿಯೂ ಹತ್ತಿದಾಗ ಏಳುವುದು ಬೆಂಕಿಯ ಉಂಡೆ. ಮಿಸ್ಸಿಸಾಗಾದ ಮೊದಲ ಉಂಡೆ ಸುಮಾರು 1,500 ಮೀ ಎತ್ತರಕ್ಕೆ ಏರಿತೆಂದು ವರದಿಗಳಿವೆ. ಒಂದು ಟ್ಯಾಂಕಂತೂ ರಾಕೆಟ್ಟಿನಂತೆ ಅರ್ಧ ಕಿಲೋಮೀಟರಿಗೂ ಆಚೆ ಹಾರಿಬಿತ್ತು.

ಇಷ್ಟರ ನಡುವೆ ರೈಲಿನ ಸಿಬ್ಬಂದಿಯ ಒಬ್ಬ ಯುವಕ ಬೆಂಕಿಯ ಹತ್ತಿರಕ್ಕೆ ಓಡಿ, ಹಳಿಯ ಮೇಲೇ ಉಳಿದಿದ್ದ ಕೊನೆಯ ವ್ಯಾಗನಿನ ಬ್ರೇಕ್ ಗಾಳಿಯ ಕೊಳವೆಯನ್ನು ಮುಚ್ಚಿ ಬಂದ. ಹಾಗಾಗಿ ಎಂಜಿನ್ ಮುಂದಿನ ವ್ಯಾಗನುಗಳನ್ನು ದೂರಕ್ಕೆ ಎಳೆದೊಯ್ಯಲು ಸಾಧ್ಯವಾಯಿತು. ಈ ಅಪಘಾತದ ಬಗ್ಗೆ ಓದುವಾಗಲೆಲ್ಲ ಆ ಒಂದು ತಿರುಪಿನ ಬೆಲೆ ಎಷ್ಟೆಂದು ನಾನು ಯೋಚಿಸುತ್ತೇನೆ.

ಸ್ವಲ್ಪ ಹೊತ್ತಿನಲ್ಲಿ ರೈಲಿನ ಸರಕುಪಟ್ಟಿ ಅಧಿಕಾರಿಗಳ ಕೈಗೆ ಬಂತು. ರಾಶಿಯಲ್ಲಿ ಕ್ಲೋರೀನಿನ ಟ್ಯಾಂಕೂ ಒಂದಿತ್ತು. ಅದರಲ್ಲಿದ್ದದ್ದು 90 ಟನ್. ಪ್ರೊಪೇನ್ ಉರಿದುಹೋಗುತ್ತದೆ, ಕ್ಲೋರೀನ್ ಉರಿಯುವುದಿಲ್ಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರವಾದ ಅದು ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಅದನ್ನೇ ಅಸ್ತ್ರವನ್ನಾಗಿ ಬಳಸಿದ್ದು. ಊರು ಖಾಲಿ ಮಾಡಿಸುವ ಕೆಲಸ ಆ ರಾತ್ರಿಯೇ ಶುರುವಾಯಿತು. ಗಾಳಿ ದಿಕ್ಕು ಬದಲಿಸಿದಂತೆಲ್ಲ ಹೊಸ ಬಡಾವಣೆಗಳನ್ನು ತೆರವು ಮಾಡಿಸಬೇಕಾಯಿತು. ಆಸ್ಪತ್ರೆಗಳೂ ವೃದ್ಧಾಶ್ರಮಗಳೂ ಸೇರಿ, ಮರುದಿನ ರಾತ್ರಿಯ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಸತ್ತವರು ಒಬ್ಬರೂ ಇಲ್ಲ.

ಕ್ಲೋರೀನ್ ಏನಾಯಿತು? ಟ್ಯಾಂಕಿಗೆ ದೊಡ್ಡ ತೂತೇ ಬಿದ್ದಿತ್ತು. ಆದರೂ ಒಳಗಿನದು ಒಟ್ಟಿಗೆ ಹೊರಗೆ ನುಗ್ಗುವುದಿಲ್ಲ. ಕಾರಣ ನಮ್ಮ ಮಣ್ಣಿನ ಹೂಜಿಯ ಭೌತವಿಜ್ಞಾನವೇ. ದ್ರವ ಕ್ಲೋರೀನಿನ ಕುದಿಬಿಂದು ಸೊನ್ನೆಗಿಂತ 34 ಡಿಗ್ರಿ ಕೆಳಗೆ. 10 ಡಿಗ್ರಿಯಲ್ಲಿರುವ ದ್ರವದ ಮೇಲಿನ ಒತ್ತಡ ತೆಗೆದರೆ ಅದು ಕುದಿಯುತ್ತದೆ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ತನ್ನಿಂದಲೇ ತೆಗೆದುಕೊಳ್ಳುತ್ತದೆ. ಕಿಲೋಗ್ರಾಂಗೆ ವಿಶಿಷ್ಟೋಷ್ಣ ಸುಮಾರು 0.95 ಕಿಲೋಜೌಲ್, ಗುಪ್ತೋಷ್ಣ ಸುಮಾರು 288 ಕಿಲೋಜೌಲ್. 44 ಡಿಗ್ರಿ ತಣಿಯುವಷ್ಟರಲ್ಲಿ ಎಷ್ಟು ಭಾಗ ಆವಿಯಾದೀತು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ: ಏಳರಲ್ಲಿ ಒಂದು ಪಾಲು. ಉಳಿದದ್ದು ಹೊರಗಿನಿಂದ ಶಾಖ ಸಿಕ್ಕಷ್ಟು ಮಾತ್ರ ಮೆಲ್ಲಗೆ ಆವಿಯಾಗಬೇಕು. ಮಿಸ್ಸಿಸಾಗಾದಲ್ಲಿ ಆ ಶಾಖ ಪಕ್ಕದ ಪ್ರೊಪೇನ್ ಬೆಂಕಿಯಿಂದ ಧಾರಾಳವಾಗಿ ಸಿಕ್ಕಿತು, ಹೊರಬಂದ ಅನಿಲವನ್ನು ಅದೇ ಬೆಂಕಿಯ ಬಿಸಿಗಾಳಿ ಎತ್ತಿಕೊಂಡು ಮೇಲಕ್ಕೆ ಒಯ್ದಿತು. ನೆಲ ಹಿಡಿದು ಮನೆಗಳಿಗೆ ನುಗ್ಗಬೇಕಾದದ್ದರ ಬಹುಪಾಲು ಆಕಾಶದಲ್ಲಿ ಚದುರಿತು. ಒಂದು ಅನಾಹುತ ಇನ್ನೊಂದನ್ನು ತಡೆಯಿತು ಎನ್ನಬೇಕು. ಅಗ್ನಿಶಾಮಕ ದಳದವರೂ ಪ್ರೊಪೇನ್ ಬೆಂಕಿಯನ್ನು ನಂದಿಸಲು ಹೋಗಲಿಲ್ಲ. ಸುತ್ತಲಿನ ಟ್ಯಾಂಕುಗಳಿಗೆ ನೀರು ಹೊಡೆಯುತ್ತ, ಉರಿಯುವುದನ್ನು ಉರಿಯಲು ಬಿಟ್ಟರು. ಜ್ವಾಲೆ ಆರಿಸಿ ಸೋರಿಕೆಯನ್ನು ಉಳಿಸಿದರೆ ಅನಿಲ ಎಲ್ಲೋ ಸೇರಿಕೊಂಡು ಮತ್ತೆಲ್ಲೋ ಹೊತ್ತಿಕೊಳ್ಳುತ್ತದೆ. ತೂತನ್ನು ಮುಚ್ಚಿ, ಉಳಿದ ಕ್ಲೋರೀನನ್ನು ಹೊರತೆಗೆದು, ಜನರೆಲ್ಲ ಮನೆ ಸೇರುವಾಗ ವಾರವೇ ಕಳೆದಿತ್ತು.

ನ್ಯಾಯಮೂರ್ತಿ ಸ್ಯಾಮ್ಯುಯಲ್ ಗ್ರೇಂಜ್ ಅವರ ವಿಚಾರಣಾ ಆಯೋಗ ಅಪಾಯಕಾರಿ ಸರಕಿನ ವ್ಯಾಗನುಗಳಿಗೆ ಉರುಳೆ ಬೇರಿಂಗ್‌ಗಳು ಬೇಕೆಂದಿತು. ಹಳಿಯ ಬದಿಯಲ್ಲಿ ಕಾದ ಬೇರಿಂಗನ್ನು ಪತ್ತೆಮಾಡುವ ಸಾಧನಗಳೂ ಬೇಕೆಂದಿತು. ಇವು ಅವಕೆಂಪು ಕಿರಣಗಳಿಂದ ಉಷ್ಣತೆ ಅಳೆಯುವ ಸಾಧನಗಳು. 1950ರ ದಶಕದಿಂದಲೇ ಬಳಕೆಯಲ್ಲಿದ್ದವು, ಎಲ್ಲ ಮಾರ್ಗಗಳಲ್ಲಿ ಇರಲಿಲ್ಲ, ಅಷ್ಟೇ. ಅಪಾಯಕಾರಿ ಸರಕುಗಳ ಸಾಗಣೆಗೆಂದೇ ಕೆನಡಾ 1980ರಲ್ಲಿ ಕಾನೂನು ಮಾಡಿತು.

ಮಿಸ್ಸಿಸಾಗಾದವರಿಗೆ ಒಂದು ಅನುಕೂಲವಿತ್ತು: ಚೆಲ್ಲಿದ್ದು ಏನೆಂದು ಕೆಲವೇ ಗಂಟೆಗಳಲ್ಲಿ ತಿಳಿಯಿತು, ಅದು ಅಪಾಯಕಾರಿ ಎನ್ನುವುದರಲ್ಲೂ ಅನುಮಾನವಿರಲಿಲ್ಲ. ಅದು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಹನ್ನೆರಡು ವರ್ಷಗಳ ಅನಂತರದ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯದ್ದು. 1991ರ ಜುಲೈ 14ರ ರಾತ್ರಿ ಡನ್ಸ್‌ಮ್ಯೂರ್ ಎಂಬ ಊರಿನ ಮೇಲ್ಭಾಗದಲ್ಲಿ, ಕ್ಯಾಂಟರಾ ಎಂಬ ಕಡಿದಾದ ತಿರುವಿನಲ್ಲಿ, ಸದರ್ನ್ ಪೆಸಿಫಿಕ್ ಕಂಪನಿಯ ರೈಲು ಹಳಿ ತಪ್ಪಿ ಒಂದು ಟ್ಯಾಂಕ್ ಸೇತುವೆಯಿಂದ ಸ್ಯಾಕ್ರಮೆಂಟೊ ನದಿಗೆ ಉರುಳಿತು. ಅದರಿಂದ ಸುಮಾರು 72,000 ಲೀಟರ್ ಮೆಟಾಮ್ ಸೋಡಿಯಂ ಹರಿದುಹೋಯಿತು. ಇದು ಬಿತ್ತನೆಗೆ ಮುಂಚೆ ಹೊಲದ ಮಣ್ಣಿಗೆ ಹಾಕುವ ಕ್ರಿಮಿನಾಶಕ, ಕಳೆನಾಶಕ. ಸಾಗಣೆ ನಿಯಮಗಳ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಆಗ ಇದರ ಹೆಸರೇ ಇರಲಿಲ್ಲ. ಆದ್ದರಿಂದ ಟ್ಯಾಂಕಿನ ಮೇಲೆ ಎಚ್ಚರಿಕೆಯ ಫಲಕವೂ ಇರಲಿಲ್ಲ.

ಟ್ಯಾಂಕಿನೊಳಗೆ ಇದ್ದಂತೆ ಮೆಟಾಮ್ ಸೋಡಿಯಂ ಅಷ್ಟು ಉಗ್ರವಲ್ಲ. ನೀರಿನಲ್ಲಿ ತೆಳುವಾದಾಗ ಅದು ಒಡೆದು ಮೀಥೈಲ್ ಐಸೊಥಯೊಸಯನೇಟ್ ಆಗುತ್ತದೆ. ಈ ಹೆಸರು ಎಲ್ಲೋ ಕೇಳಿದಂತಿದೆಯೇ? 1984ರಲ್ಲಿ ಭೋಪಾಲದಲ್ಲಿ ಹೊರಬಂದದ್ದು ಮೀಥೈಲ್ ಐಸೊಸಯನೇಟ್. ಆ ಅಣುವಿನ ಆಕ್ಸಿಜನ್ ಪರಮಾಣುವಿನ ಜಾಗದಲ್ಲಿ ಗಂಧಕದ ಪರಮಾಣು ಕೂತರೆ ಇದು. ಭೋಪಾಲದಷ್ಟು ಮಾರಕವಲ್ಲ, ಆದರೆ ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ನಸುಕಿನಲ್ಲಿ ನದಿದಂಡೆಯ ಜನ ಕಣ್ಣುರಿ, ವಾಕರಿಕೆಯಿಂದ ಎದ್ದರು. ವಿಷದ ತೆಕ್ಕೆ ಮೂರು ದಿನ ಹರಿದು ಶಾಸ್ತಾ ಜಲಾಶಯ ಸೇರುವ ಹೊತ್ತಿಗೆ ಸುಮಾರು 60 ಕಿಮೀ ನದಿಯಲ್ಲಿ ಜೀವ ಉಳಿದಿರಲಿಲ್ಲ. ಮೀನು, ಮೀನಿನ ಆಹಾರವಾದ ಹುಳು, ಕಲ್ಲಿಗೆ ಅಂಟಿದ ಪಾಚಿ, ಎಲ್ಲವೂ. ಸತ್ತ ಮೀನುಗಳು ಹತ್ತು ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಜಲಾಶಯದಲ್ಲಿ ನೀರಿನೊಳಕ್ಕೆ ಗಾಳಿ ಊದಿ ವಿಷವನ್ನು ಆವಿಯಾಗಿ ಹೊರಹಾಕಿದರು. 1994ರಲ್ಲಿ 380 ಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಂದವಾಯಿತು. 'ಅಪಾಯಕಾರಿ' ಎಂಬುದು ಟ್ಯಾಂಕಿನೊಳಗಿನ ವಸ್ತುವಿನ ಗುಣವಷ್ಟೇ ಅಲ್ಲ, ಅದು ಬೀಳುವ ಜಾಗದ್ದೂ ಹೌದು. ಪಟ್ಟಿ ಬರೆಯುವವರು ಯೋಚಿಸಿದ್ದು ನೆಲದ ಮೇಲಿನ ಮನುಷ್ಯನನ್ನು, ನೀರೊಳಗಿನ ಮೀನನ್ನಲ್ಲ.

ಇನ್ನೂ ನಿರುಪದ್ರವಿ ಸರಕು ಬೇಕೆ? ಮೆಕ್ಕೆಜೋಳ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಮೊಂಟಾನಾದಲ್ಲಿ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಮೆಕ್ಕೆಜೋಳದ ರೈಲುಗಳು ಮತ್ತೆ ಮತ್ತೆ ಹಳಿ ತಪ್ಪಿದವು. ಸಾವಿರಾರು ಟನ್ ಕಾಳು ಚೆಲ್ಲಿತು. ಬಾಚಿ ಉಳಿದದ್ದನ್ನು ಅಲ್ಲೇ ಮಣ್ಣು ಮುಚ್ಚಿದರು. ಮಣ್ಣಿನಡಿ ಅದು ನೆನೆದು ಹುಳಿಯಿತು; ವಾಸನೆಗೆ ಗ್ರಿಜ್ಲಿ ಕರಡಿಗಳು ಬಂದು ಅಗೆದು ತಿಂದವು. ತಿನ್ನಲು ಹಳಿಯ ಮೇಲೆ ನಿಂತ ಹಲವು ಕರಡಿಗಳು ಮುಂದಿನ ರೈಲುಗಳಿಗೆ ಸಿಕ್ಕಿ ಸತ್ತವು.

ಮತ್ತೆ ಬೇರಿಂಗಿಗೆ ಬರೋಣ. 2023ರ ಫೆಬ್ರುವರಿ 3ರ ರಾತ್ರಿ ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಪುಟ್ಟ ಊರಿನಲ್ಲಿ ನಾರ್ಫಕ್ ಸದರ್ನ್ ಕಂಪನಿಯ ರೈಲು ಹಳಿ ತಪ್ಪಿ 38 ವ್ಯಾಗನುಗಳು ಉರುಳಿದವು. ಈ ಸಲ ಉರುಳೆ ಬೇರಿಂಗ್ ಇತ್ತು, ಅವಕೆಂಪು ಸಾಧನಗಳೂ ಇದ್ದವು. ಪ್ಲಾಸ್ಟಿಕ್ ಹರಳು ತುಂಬಿದ ಇಪ್ಪತ್ತಮೂರನೆಯ ವ್ಯಾಗನಿನ ಬೇರಿಂಗ್ ಮೊದಲ ಸಾಧನದ ಬಳಿ ಸುತ್ತಲಿನ ಗಾಳಿಗಿಂತ 21 ಸೆಲ್ಸಿಯಸ್ ಡಿಗ್ರಿ ಬಿಸಿ ಇತ್ತು. ಸುಮಾರು 16 ಕಿಮೀ ಮುಂದೆ 57 ಡಿಗ್ರಿ. ರೈಲು ನಿಲ್ಲಿಸಬೇಕಾದ ಮಿತಿ 94 ಡಿಗ್ರಿಯಾದ್ದರಿಂದ ಅದು ಓಡುತ್ತಲೇ ಇತ್ತು. ದಾರಿಯ ಊರೊಂದರ ಕಣ್ಗಾವಲು ಕ್ಯಾಮೆರಾದಲ್ಲಿ ವ್ಯಾಗನಿನ ಅಡಿ ಬೆಂಕಿ ಕಾಣುತ್ತದೆ! ಮುಂದಿನ ಸಾಧನ ಇದ್ದದ್ದು ಇನ್ನೂ 30 ಕಿಮೀ ಆಚೆ. ಅಲ್ಲಿ 141 ಡಿಗ್ರಿ. ಚಾಲಕ ಬ್ರೇಕ್ ಹಾಕುತ್ತಿರುವಾಗಲೇ ಅಚ್ಚು ಕಳಚಿತು. ಸಾಧನ ಸುಳ್ಳು ಹೇಳಿತೇ? ಇಲ್ಲ. ಅದು ನೋಡುವುದು ಬೇರಿಂಗಿನ ಹೊರಮೈಯನ್ನು. ಘರ್ಷಣೆ ಇರುವುದು ಒಳಗೆ. ಒಳಗಿನ ಶಾಖ ಹೊರಗೆ ಬರಲು ಸಮಯ ಹಿಡಿಯುತ್ತದೆ.

ಬಿದ್ದವುಗಳಲ್ಲಿ ವಿನೈಲ್ ಕ್ಲೋರೈಡಿನ ಐದು ಟ್ಯಾಂಕುಗಳಿದ್ದವು. ಪಿವಿಸಿ ಪೈಪುಗಳಿಗೆ ಮೂಲವಸ್ತು ಇದು. ಇದರ ಅಣುಗಳು ತಾವಾಗಿ ಸರಪಳಿ ಕಟ್ಟತೊಡಗಿದರೆ ಶಾಖ ಹುಟ್ಟುತ್ತದೆ, ಶಾಖದಿಂದ ಕ್ರಿಯೆ ಇನ್ನೂ ಬಿರುಸಾಗುತ್ತದೆ, ಟ್ಯಾಂಕ್ ಸಿಡಿಯಬಹುದು. ಹಾಗಾಗಲಿದೆ ಎಂಬ ಭಯದಿಂದ ಫೆಬ್ರುವರಿ 6ರಂದು ಟ್ಯಾಂಕುಗಳಿಗೆ ಬೇಕೆಂದೇ ತೂತು ಮಾಡಿ, ದ್ರವವನ್ನು ಹೊಂಡಕ್ಕೆ ಹರಿಸಿ ಸುಟ್ಟರು. ಕ್ಲೋರೀನ್ ಇರುವ ವಸ್ತು ಸುಟ್ಟರೆ ಹೈಡ್ರೊಜನ್ ಕ್ಲೋರೈಡ್ ಹುಟ್ಟಲೇಬೇಕು. ಊರ ಮೇಲೆ ಕಪ್ಪು ಹೊಗೆಯ ಕಂಬ ಎದ್ದಿತು. ಹಳ್ಳಗಳಲ್ಲಿ ಹತ್ತಾರು ಸಾವಿರ ಮೀನುಗಳು ಸತ್ತವು. ಕಲುಷಿತ ಮಣ್ಣನ್ನು ಅಗೆದು ಬೇರೆ ರಾಜ್ಯಗಳಿಗೂ ಸಾಗಿಸಬೇಕಾಯಿತು.

ಮಿಸ್ಸಿಸಾಗಾದಲ್ಲಿ ಉರಿಯಲು ಬಿಟ್ಟದ್ದು ಆಗಲೇ ಉರಿಯುತ್ತಿದ್ದ ಪ್ರೊಪೇನನ್ನು. ಇಲ್ಲಿ ಮುಚ್ಚಿದ್ದ ಟ್ಯಾಂಕನ್ನು ತೆರೆದು ಹಚ್ಚಿದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2024ರ ಜೂನ್‌ನಲ್ಲಿ ತನ್ನ ತೀರ್ಮಾನ ಹೇಳಿತು: ಟ್ಯಾಂಕುಗಳಲ್ಲಿ ಸರಪಳಿ ಕ್ರಿಯೆ ನಡೆಯುತ್ತಿರಲಿಲ್ಲ, ಸುಡುವ ಅಗತ್ಯವೂ ಇರಲಿಲ್ಲ. ವಸ್ತುವನ್ನು ತಯಾರಿಸಿದ ಕಂಪನಿಯ ರಸಾಯನತಜ್ಞರು ಹಾಗೆಂದು ಮುಂಚೆಯೇ ತಿಳಿಸಿದ್ದರು. ಆ ಮಾತು ತೀರ್ಮಾನ ಮಾಡಬೇಕಾದವರಿಗೆ ಮುಟ್ಟಿರಲಿಲ್ಲ. ಅನುಮಾನವಿದ್ದ ಟ್ಯಾಂಕಿನ ಉಷ್ಣತೆಯನ್ನು ಅಳೆಯಲಾಗಿತ್ತು. ಸುಡುವ ಮೊದಲೇ ಅದು ಇಳಿಯುತ್ತಿತ್ತು.